ವಿಂಡೋಸ್‌ನಿಂದ ಮ್ಯಾಕ್‌ಗೆ: ಹಳೆ ಲ್ಯಾಪ್‌ಟಾಪ್ ಕೈಬಿಡುವ ಮೊದಲು ವಿದ್ಯಾರ್ಥಿಗಳು ಮುಗಿಸಬೇಕಾದ ಕೆಲಸಗಳು

ಮ್ಯಾಕ್‌ಬುಕ್ ಮನೆಗೆ ಬಂದ ವಾರವೇ ಹಳೆ ವಿಂಡೋಸ್ ಲ್ಯಾಪ್‌ಟಾಪನ್ನು ತಂಗಿಗೆ ಕೊಡುವುದೋ, ಎಕ್ಸ್‌ಚೇಂಜ್‌ಗೆ ಹಾಕುವುದೋ ಮಾಡಬೇಡಿ. ಕೆಲವು ಕೆಲಸಗಳನ್ನು ವಿಂಡೋಸ್‌ನಲ್ಲಿ ಮಾತ್ರ ಸಲೀಸಾಗಿ ಮಾಡಲು ಸಾಧ್ಯ. ಅವು ನೆನಪಾಗುವುದು ಇಂಟರ್ನಲ್ಸ್ ಹಿಂದಿನ ರಾತ್ರಿ, ಫೈಲ್ ತೆರೆಯದೇ ಇದ್ದಾಗ. ಕನಿಷ್ಠ ಒಂದು ಸೆಮಿಸ್ಟರ್ ಎರಡೂ ಯಂತ್ರ ಜೊತೆಯಲ್ಲಿರಲಿ.

ಕೊಳ್ಳುವ ಮೊದಲು ಲ್ಯಾಬ್ ಪಟ್ಟಿ ನೋಡಿ

ಮುಂದಿನ ಎರಡು ವರ್ಷದ ಸಿಲಬಸ್ ತೆಗೆದು, ಪ್ರತಿ ಲ್ಯಾಬ್‌ಗೆ ಯಾವ ಸಾಫ್ಟ್‌ವೇರ್ ಬೇಕು ಎಂದು ಬರೆದುಕೊಳ್ಳಿ. ಕಂಪ್ಯೂಟರ್ ಸೈನ್ಸ್ ಓದುವವರಿಗೆ ತೊಂದರೆ ಕಡಿಮೆ. ಮೆಕ್ಯಾನಿಕಲ್‌ನವರು ಬಳಸುವ ಸಾಲಿಡ್‌ವರ್ಕ್ಸ್, ಕ್ಯಾಟಿಯಾ, ಆನ್ಸಿಸ್ ಮ್ಯಾಕ್‌ಗೆ ಇಲ್ಲ. ಸಿವಿಲ್‌ನ ಸ್ಟಾಡ್ ಪ್ರೊ, ಇಟ್ಯಾಬ್ಸ್, ರೆವಿಟ್ ಕೂಡ ಇಲ್ಲ. ಆಟೊಕ್ಯಾಡ್ ಇದೆ, ಆದರೆ ಮೆನುಗಳ ಜೋಡಣೆ ಬೇರೆ. ಮೇಷ್ಟ್ರು ತೋರಿಸಿದ ಜಾಗದಲ್ಲಿ ಆ ಕಮಾಂಡ್ ಸಿಗದೆ ಇರಬಹುದು. ಎಲೆಕ್ಟ್ರಾನಿಕ್ಸ್‌ನವರಿಗೆ ಎಲ್‌ಟಿಸ್ಪೈಸ್, ಕೈಕ್ಯಾಡ್, ಆರ್ಡುಯಿನೊ ಸಿಗುತ್ತವೆ, ವಿವಾಡೊ ಸಿಗುವುದಿಲ್ಲ. ಮ್ಯಾಟ್‌ಲ್ಯಾಬ್ 2023ರ ಬಿ ಆವೃತ್ತಿಯಿಂದ ಆಪಲ್ ಚಿಪ್‌ನಲ್ಲಿ ನೇರವಾಗಿ ಓಡುತ್ತದೆ. ಬಿಕಾಂನವರು ಗಮನಿಸಿ: ಟ್ಯಾಲಿ ಪ್ರೈಮ್ ಮತ್ತು ಪವರ್ ಬಿಐ ಡೆಸ್ಕ್‌ಟಾಪ್ ಎರಡೂ ವಿಂಡೋಸ್‌ಗೆ ಮಾತ್ರ. ಮ್ಯಾಕ್‌ನ ಎಕ್ಸೆಲ್‌ನಲ್ಲಿ ಪವರ್ ಪಿವಟ್ ಇಲ್ಲ. ಆಕ್ಸೆಸ್ ಎಂಬ ಪ್ರೋಗ್ರಾಂ ಮ್ಯಾಕ್‌ಗೆ ಬರುವುದೇ ಇಲ್ಲ.

"ಮ್ಯಾಕ್‌ನಲ್ಲೇ ವಿಂಡೋಸ್ ಹಾಕಿಕೊಂಡರಾಯಿತು" ಎನ್ನುವ ಮಾತು ಅರ್ಧ ಮಾತ್ರ ನಿಜ. 2020ರ ಕೊನೆಯಲ್ಲಿ ಬಂದ ಎಂ1ರಿಂದ ಈಚಿನ ಆಪಲ್ ಚಿಪ್‌ಗಳಲ್ಲಿ ಬೂಟ್ ಕ್ಯಾಂಪ್, ಅಂದರೆ ಮ್ಯಾಕನ್ನು ನೇರವಾಗಿ ವಿಂಡೋಸ್‌ನಲ್ಲಿ ತೆರೆಯುವ ಸೌಲಭ್ಯ, ಇಲ್ಲ. ಪ್ಯಾರಲೆಲ್ಸ್ ಅಥವಾ ವಿಎಂವೇರ್ ಫ್ಯೂಶನ್ ಎಂಬ ತಂತ್ರಾಂಶದೊಳಗೆ ವಿಂಡೋಸ್ 11ರ ಆರ್ಮ್ ಆವೃತ್ತಿ, ಅಂದರೆ ಆಪಲ್ ಚಿಪ್‌ನ ಜಾತಿಯ ಚಿಪ್‌ಗಳಿಗೆ ಮಾಡಿದ್ದು, ಓಡುತ್ತದೆ. ಮೊದಲನೆಯದಕ್ಕೆ ದುಡ್ಡು ಕೊಡಬೇಕು, ಎರಡನೆಯದು 2024ರಿಂದ ಉಚಿತ. ಅದರೊಳಗೆ ಸಾಮಾನ್ಯ ಪ್ರೋಗ್ರಾಂಗಳು ಬಹುಮಟ್ಟಿಗೆ ಓಡುತ್ತವೆ. ಆದರೆ ಇಂಟೆಲ್ ಚಿಪ್‌ಗೆ ಬರೆದ ಹಳೆಯ ಡ್ರೈವರ್ ಬೇಡುವ ಯಾವುದೂ ಓಡದು: ಎಫ್‌ಪಿಜಿಎ ಬೋರ್ಡಿಗೆ ಪ್ರೋಗ್ರಾಂ ಇಳಿಸುವುದು, ಲೈಸೆನ್ಸ್ ಡಾಂಗಲ್ ಚುಚ್ಚಿ ತೆರೆಯುವ ಸಾಫ್ಟ್‌ವೇರ್, ಇಂಥವು. ನಿಮ್ಮ ವಿಭಾಗದಲ್ಲಿ ಇವೇ ಮುಖ್ಯವಾಗಿದ್ದರೆ ಮ್ಯಾಕ್ ಕೊಳ್ಳಬೇಡಿ. ಇದನ್ನು ಮುಚ್ಚುಮರೆಯಿಲ್ಲದೆ ಹೇಳುವುದೇ ಒಳ್ಳೆಯದು, ಯಾಕೆಂದರೆ ಈ ದುಡ್ಡು ಹೆಚ್ಚಿನ ಮನೆಗಳಲ್ಲಿ ಅಪ್ಪ ಅಮ್ಮ ಕಂತು ಕಟ್ಟಿ ಕೊಡುವ ದುಡ್ಡು.

ರ‍್ಯಾಮ್ 16 ಜಿಬಿ ಇರಲಿ. ಕೊಂಡ ಮೇಲೆ ರ‍್ಯಾಮನ್ನೂ ಮ್ಯಾಕ್‌ಬುಕ್‌ನ ಒಳಗಿನ ಡಿಸ್ಕನ್ನೂ ಅಂಗಡಿಯಲ್ಲಿ ಹೆಚ್ಚಿಸಿಕೊಳ್ಳಲು ಬರುವುದಿಲ್ಲ. ಒಳಗೆ ವಿಂಡೋಸ್ ಹಾಕುವ ಯೋಚನೆ ಇದ್ದರೆ 512 ಜಿಬಿ ಡಿಸ್ಕ್ ತಗೊಳ್ಳಿ, ವಿಂಡೋಸ್ 11 ತಾನೊಂದೇ 64 ಜಿಬಿ ಜಾಗ ಕೇಳುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುವ ಇಂಟೆಲ್ ಮ್ಯಾಕ್ ಬೇಡ. ಮ್ಯಾಕ್‌ಓಎಸ್ 26, ಅಂದರೆ ಟಾಹೋ, ಅವುಗಳಿಗೆ ಸಿಗುವ ಕೊನೆಯ ಆವೃತ್ತಿ. ಎಂ1 ಅಥವಾ ಅದರ ಮೇಲಿನದನ್ನು ಕೈ ಬದಲಿಸಿ ಕೊಳ್ಳುವುದಾದರೆ, ಮಾರುವವರು ನಿಮ್ಮೆದುರೇ ತಮ್ಮ ಆಪಲ್ ಅಕೌಂಟ್‌ನಿಂದ ಸೈನ್ ಔಟ್ ಆಗಿ, ಯಂತ್ರ ಅಳಿಸಿ ಕೊಡಲಿ. ಇಲ್ಲದಿದ್ದರೆ ಯಂತ್ರವನ್ನು ಹಳೆ ಮಾಲೀಕರ ಅಕೌಂಟ್‌ಗೇ ಕಟ್ಟಿಹಾಕುವ ಆಕ್ಟಿವೇಶನ್ ಲಾಕ್ ಬೀಳುತ್ತದೆ, ಅದನ್ನು ನೀವು ಬಿಡಿಸಲಾರಿರಿ. ಹೊಸದು ಕೊಳ್ಳುವವರು ವಿದ್ಯಾರ್ಥಿ ದರ ಕೇಳಲು ಮರೆಯಬೇಡಿ.

ನುಡಿ ಫೈಲ್‌ಗಳನ್ನು ಮೊದಲು ಯೂನಿಕೋಡ್ ಮಾಡಿ

ಕನ್ನಡದಲ್ಲಿ ನೋಟ್ಸ್, ಪ್ರಬಂಧ, ಪ್ರಾಜೆಕ್ಟ್ ರಿಪೋರ್ಟ್ ಬರೆದಿಟ್ಟವರಿಗೆ ಇದೇ ಅತಿ ದೊಡ್ಡ ಕೆಲಸ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಮ್ಯಾಕ್‌ನಲ್ಲಿ ತೆರೆದು ನೋಡಿ. 'ಕನ್ನಡ' ಎಂಬ ಪದ ಇದ್ದ ಕಡೆ ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೆರೆ ಎಳೆದ ಎ, ಬ್ರಿಟನ್ನಿನ ಪೌಂಡ್ ಗುರುತು, ಹೀಗೆ ಏಳು ಚಿಹ್ನೆಗಳ ಸಾಲು ಕಾಣುತ್ತದೆ. ಫೈಲ್ ಕೆಟ್ಟಿಲ್ಲ. ಆ ಫಾಂಟ್‌ಗಳು ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿವೆ: ಪೌಂಡ್ ಗುರುತಿನ ಜಾಗದಲ್ಲಿ 'ನ'ದ ದೇಹ, ಗೆರೆಯ ಎ ಇರುವಲ್ಲಿ ತಲೆಕಟ್ಟು. ಫಾಂಟ್ ಇಲ್ಲದ ಯಂತ್ರಕ್ಕೆ ಕಾಣುವುದು ಬರೀ ಚಿಹ್ನೆ. ಇಂಥ ಫೈಲ್‌ನಲ್ಲಿ ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ, ವಾಟ್ಸ್ಆ್ಯಪ್‌ಗೆ ಅಂಟಿಸಿದರೆ ಓದಲಾಗುವುದಿಲ್ಲ.

ಓದಿ ಪ್ರಿಂಟ್ ತೆಗೆಯುವುದಷ್ಟೇ ಸಾಕೆಂದರೆ, ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟ್‌ನ ಫೈಲ್ ತಂದು ಮ್ಯಾಕ್‌ನಲ್ಲಿ ಎರಡು ಸಲ ಕ್ಲಿಕ್ ಮಾಡಿ. ಫಾಂಟ್ ಬುಕ್ ತೆರೆದುಕೊಂಡು ಇನ್‌ಸ್ಟಾಲ್ ಮಾಡುತ್ತದೆ. ಮುಂದೆ ತಿದ್ದುವ ಫೈಲ್‌ಗಳನ್ನು ಮಾತ್ರ ವಿಂಡೋಸ್‌ನಲ್ಲೇ, ನುಡಿ ಅಥವಾ ಬರಹ ತಂತ್ರಾಂಶದ ಪರಿವರ್ತಕದಿಂದ ಯೂನಿಕೋಡ್‌ಗೆ, ಅಂದರೆ ಎಲ್ಲ ಯಂತ್ರಗಳಿಗೂ ಕನ್ನಡವೆಂದೇ ತಿಳಿಯುವ ಸಂಕೇತಕ್ಕೆ, ಬದಲಿಸಿ. ಮೂಲ ಫೈಲ್ ಅಳಿಸಬೇಡಿ, ಪ್ರತಿ ಮಾಡಿಕೊಂಡೇ ಬದಲಿಸಿ. ಆಮೇಲೆ ಮೂರು ಕಡೆ ಕಣ್ಣಿಟ್ಟು ಓದಿ. ಅರ್ಕಾವೊತ್ತಿನ ಪದಗಳು, ಅಂದರೆ 'ಅರ್ಥ', 'ಕಾರ್ಯ', 'ವರ್ಷ'ದಂಥವು, ತಪ್ಪಾಗಿ ಬಂದಿರಬಹುದು. ಎರಡು ಒತ್ತು ಇರುವ 'ರಾಷ್ಟ್ರ', 'ಶಾಸ್ತ್ರ'ಗಳನ್ನೂ ನೋಡಿ. ಮೂರನೆಯದು ನಡುವೆ ಬರುವ ಇಂಗ್ಲಿಷ್ ಪದಗಳು: ಬರೀ ಅಕ್ಷರ ನೋಡಿ ಬದಲಿಸುವ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಮೂಲ ಫೈಲಿನ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ತಿದ್ದಿದರೆ ಬೇಗ ಮುಗಿಯುತ್ತದೆ.

ಫೈಲ್ ಸಾಗಿಸುವುದು

ಆಪಲ್‌ನ ಮೈಗ್ರೇಶನ್ ಅಸಿಸ್ಟೆಂಟ್ ಅನ್ನು ವಿಂಡೋಸ್‌ನಲ್ಲಿ ಹಾಕಿ, ಎರಡನ್ನೂ ಒಂದೇ ವೈಫೈಗೆ ಸೇರಿಸಿದರೆ ಫೈಲ್‌ಗಳು ತಾವಾಗಿಯೇ ಬರುತ್ತವೆ. ಎರಡೂ ಪರದೆಯಲ್ಲಿ ಒಂದೇ ಕೋಡ್ ಬಂದಿದೆಯೇ ನೋಡಿ ಮುಂದುವರಿಸಿ. ಪ್ರೋಗ್ರಾಂಗಳು ಬರುವುದಿಲ್ಲ. ಹಾಸ್ಟೆಲ್ ವೈಫೈನಲ್ಲಿ ಸಾಧನಗಳು ಒಂದನ್ನೊಂದು ಕಾಣದಂತೆ ಕಟ್ಟಿಹಾಕಿರುವುದು ಸಾಮಾನ್ಯ. ಆಗ ಫೋನಿನ ಹಾಟ್‌ಸ್ಪಾಟ್ ಹಾಕಿ ನೋಡಿ, ಇಲ್ಲವೇ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಹಿಡಿಯಿರಿ. ನಮ್ಮ ಆಯ್ಕೆ ಹಾರ್ಡ್‌ಡಿಸ್ಕೇ. ಏನು ಬಂತು, ಏನು ಉಳಿಯಿತು ಎಂಬುದು ಕಣ್ಣೆದುರೇ ಇರುತ್ತದೆ.

ಕಾಪಿ ಮಾಡುವ ಮೊದಲು ವಿಂಡೋಸ್‌ನ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರಿನ ಫೈಲ್‌ಗಳ ಪಕ್ಕ ಮೋಡದ ಗುರುತು ಇದೆಯೇ ನೋಡಿ. ಇದ್ದರೆ ಅವು ಒನ್‌ಡ್ರೈವ್‌ನಲ್ಲಿವೆ, ಲ್ಯಾಪ್‌ಟಾಪಿನಲ್ಲಿ ಹೆಸರು ಮಾತ್ರ. ಬಲ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಆರಿಸಿ, ಹಸಿರು ಗುರುತು ಬರುವವರೆಗೆ ಕಾಯಿರಿ.

ವಿಂಡೋಸ್‌ನ ಎನ್‌ಟಿಎಫ್‌ಎಸ್ ರೂಪದ ಡಿಸ್ಕನ್ನು ಮ್ಯಾಕ್ ಓದುತ್ತದೆ, ಅದಕ್ಕೆ ಬರೆಯುವುದಿಲ್ಲ. ಪೇಸ್ಟ್ ಮಸುಕಾಗಿ ಕಂಡರೆ ಡಿಸ್ಕ್ ಹಾಳಾಗಿದೆ ಎಂದುಕೊಳ್ಳಬೇಡಿ, ಕಾರಣ ಇದೇ. ಎಲ್ಲವನ್ನೂ ಮ್ಯಾಕ್‌ಗೆ ಇಳಿಸಿಕೊಂಡ ಮೇಲೆ, ಆ ಡಿಸ್ಕನ್ನು ಡಿಸ್ಕ್ ಯುಟಿಲಿಟಿಯಲ್ಲಿ, ಎರಡೂ ಯಂತ್ರ ಓದಿ ಬರೆಯಬಲ್ಲ ಎಕ್ಸ್‌ಫ್ಯಾಟ್ ಮಾಡಿ: ವ್ಯೂ ಮೆನುವಿನಲ್ಲಿ 'ಶೋ ಆಲ್ ಡಿವೈಸಸ್' ಆರಿಸಿ, ಪಟ್ಟಿಯಲ್ಲಿ ಆ ಡಿಸ್ಕಿನ ಮೇಲ್ತುದಿಯ ಹೆಸರನ್ನೇ ಒತ್ತಿ, ಇರೇಸ್ ಕೊಡಿ. ಪೆನ್‌ಡ್ರೈವ್‌ಗಾದರೆ ಸ್ಕೀಮ್ ಜಾಗದಲ್ಲಿ ಮಾಸ್ಟರ್ ಬೂಟ್ ರೆಕಾರ್ಡ್ ಇರಲಿ, ಜೆರಾಕ್ಸ್ ಅಂಗಡಿಯ ಹಳೆ ಕಂಪ್ಯೂಟರಿಗೂ ಅದು ತಿಳಿಯುತ್ತದೆ. ಎಕ್ಸ್‌ಫ್ಯಾಟ್ ಡ್ರೈವನ್ನು ಇಜೆಕ್ಟ್ ಮಾಡದೆ ಕಿತ್ತರೆ ಫೈಲ್ ಕೆಡುವ ಸಂಭವ ಹೆಚ್ಚು.

ವಿಂಡೋಸ್‌ನ ಬಿಟ್‌ಲಾಕರ್ ಬೀಗ ಹಾಕಿದ ಡಿಸ್ಕನ್ನು ಮ್ಯಾಕ್ ತಾನಾಗಿ ತೆರೆಯುವುದಿಲ್ಲ; ವಿಂಡೋಸ್‌ನಲ್ಲೇ ಅದನ್ನು ಆಫ್ ಮಾಡಿ ತನ್ನಿ.

ಮ್ಯಾಕ್ ಮೊದಲ ಸಲ ತೆರೆದಾಗ ಐಕ್ಲೌಡ್‌ಗೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಸೇರಿಸುವ ಆಯ್ಕೆಯನ್ನು ಆಫ್ ಮಾಡಿ. ಉಚಿತವಾಗಿ ಸಿಗುವುದು 5 ಜಿಬಿ, ಒಂದು ಪ್ರಾಜೆಕ್ಟ್ ವೀಡಿಯೊಗೇ ತುಂಬಿಹೋಗುತ್ತದೆ.

ಕೈ ಅಭ್ಯಾಸ, ಮತ್ತು ಫೈಲ್ ಕಳೆಯುವ ಒಂದು ಬಟನ್

ಕಂಟ್ರೋಲ್ ಇದ್ದ ಕಡೆ ಕಮಾಂಡ್: ಕಾಪಿಗೆ ಕಮಾಂಡ್-ಸಿ, ಪೇಸ್ಟ್‌ಗೆ ಕಮಾಂಡ್-ವಿ. ಬಲ ಕ್ಲಿಕ್‌ಗೆ ಟ್ರ್ಯಾಕ್‌ಪ್ಯಾಡ್ ಮೇಲೆ ಎರಡು ಬೆರಳು. ಕೆಂಪು ಗುಂಡಿ ಕಿಟಕಿ ಮುಚ್ಚುತ್ತದೆ, ಪ್ರೋಗ್ರಾಂ ಓಡುತ್ತಲೇ ಇರುತ್ತದೆ. ಪೂರ್ತಿ ಮುಚ್ಚಲು ಕಮಾಂಡ್-ಕ್ಯೂ. ಫೈಲ್ ಆರಿಸಿ ರಿಟರ್ನ್ ಒತ್ತಿದರೆ ತೆರೆಯುವುದಿಲ್ಲ, ಹೆಸರು ಬದಲಿಸುವ ಜಾಗ ಬರುತ್ತದೆ, ತೆರೆಯಲು ಕಮಾಂಡ್-ಓ. ಡಿಲೀಟ್ ಕೀ ಇಲ್ಲಿ ಬ್ಯಾಕ್‌ಸ್ಪೇಸ್, ಮುಂದಿನ ಅಕ್ಷರ ಅಳಿಸಲು ಎಫ್‌ಎನ್ ಜೊತೆ ಒತ್ತಿ. ಫೈಲ್ ಕಟ್ ಮಾಡಲು ಮೊದಲು ಕಮಾಂಡ್-ಸಿ, ಬೇಕಾದ ಜಾಗಕ್ಕೆ ಹೋಗಿ ಆಪ್ಷನ್-ಕಮಾಂಡ್-ವಿ. ಪರದೆಯ ಒಂದು ಭಾಗದ ಚಿತ್ರಕ್ಕೆ ಕಮಾಂಡ್-ಶಿಫ್ಟ್-4. ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೆ ಆಪ್ಷನ್-ಕಮಾಂಡ್-ಎಸ್ಕೇಪ್. ಒಂದು ವಾರ ತಡವರಿಸಿದ ಮೇಲೆ ಕೈ ತಾನೇ ಕಲಿಯುತ್ತದೆ.

ಇದೊಂದನ್ನು ಮಾತ್ರ ಮೊದಲ ದಿನವೇ ತಿಳಿದಿರಿ. ವಿಂಡೋಸ್‌ನಲ್ಲಿ 'ಡಿಬಿಎಂಎಸ್' ಎಂಬ ಫೋಲ್ಡರ್ ಇರುವ ಕಡೆಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ತಂದು ಹಾಕಿದರೆ ಎರಡೂ ಬೆರೆತು ಒಂದಾಗುತ್ತವೆ. ಮ್ಯಾಕ್‌ನಲ್ಲಿ 'ರಿಪ್ಲೇಸ್' ಒತ್ತಿದರೆ ಹಳೆ ಫೋಲ್ಡರ್ ಒಳಗಿದ್ದದ್ದೆಲ್ಲ ಹೋಗಿ, ಹೊಸದು ಮಾತ್ರ ಉಳಿಯುತ್ತದೆ. ಹಳೆಯದರಲ್ಲಿ 40 ಫೈಲ್, ಹೊಸದರಲ್ಲಿ 3 ಇದ್ದರೆ, ಕೊನೆಗೆ ಉಳಿಯುವುದು 3. ಫೋಲ್ಡರ್ ಬಿಟ್ಟು ಒಳಗಿನ ಫೈಲ್‌ಗಳನ್ನೇ ಆರಿಸಿ ಕಾಪಿ ಮಾಡಿ.

ಕನ್ನಡ ಟೈಪಿಂಗ್

ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ತೆರೆದು, ಇನ್‌ಪುಟ್ ಸೋರ್ಸಸ್ ಪಕ್ಕದ ಎಡಿಟ್ ಒತ್ತಿ, ಪ್ಲಸ್ ಗುರುತಿನಿಂದ ಕನ್ನಡ ಸೇರಿಸಿ. ಅಲ್ಲಿ 'ಕನ್ನಡ' ಎಂದಷ್ಟೇ ಇರುವುದು ಇನ್‌ಸ್ಕ್ರಿಪ್ಟ್, ಅಂದರೆ ಭಾರತೀಯ ಭಾಷೆಗಳಿಗೆ ಒಂದೇ ತೆರನಾಗಿ ಮಾಡಿದ ಕೀ ವಿನ್ಯಾಸ. 'ಕನ್ನಡ ಕ್ವರ್ಟಿ' ಎಂಬುದು ಇಂಗ್ಲಿಷ್ ಅಕ್ಷರದ ಉಚ್ಚಾರಣೆಗೆ ಹತ್ತಿರದ್ದು. ಭಾಷೆ ಬದಲಿಸಲು ಗ್ಲೋಬ್ ಕೀ ಅಥವಾ ಕಂಟ್ರೋಲ್-ಸ್ಪೇಸ್.

ನುಡಿ ವಿನ್ಯಾಸದಲ್ಲಿ ಪಳಗಿದ ಕೈಗೆ ಇನ್‌ಸ್ಕ್ರಿಪ್ಟ್ ಮೊದಲು ಕಷ್ಟ ಕೊಡುತ್ತದೆ. ನುಡಿಯಲ್ಲಿ 'ಕನ್ನಡ' ಬರೆಯಲು ಕೆ, ಎನ್, ಎಫ್, ಎನ್, ಕ್ಯೂ. ಇದೇ ಕೀಗಳನ್ನು ಇನ್‌ಸ್ಕ್ರಿಪ್ಟ್‌ನಲ್ಲಿ ಒತ್ತಿದರೆ ಬರುವುದು 'ಕಲಿಲೌ'. ಅಲ್ಲಿ ಸರಿಯಾದ ಕ್ರಮ ಕೆ, ವಿ, ಡಿ, ವಿ, ಆಮೇಲೆ ಪಿ ಪಕ್ಕದ ಚೌಕ ಕಂಸ. ಒತ್ತಕ್ಷರ ಕೂಡಿಸುವ ಕೀ ನುಡಿಯಲ್ಲಿ ಎಫ್, ಇಲ್ಲಿ ಡಿ. ಮೆನು ಪಟ್ಟಿಯಿಂದ ಕೀಬೋರ್ಡ್ ವ್ಯೂವರ್ ತೆರೆದಿಟ್ಟುಕೊಂಡು ದಿನಕ್ಕೆ ಅರ್ಧ ಗಂಟೆ ಬರೆಯಿರಿ. ಇದನ್ನು ಕಲಿತರೆ ವಿಂಡೋಸ್, ಲಿನಕ್ಸ್ ಎಲ್ಲೇ ಕೂತರೂ ಕೆಲಸಕ್ಕೆ ಬರುತ್ತದೆ.

ವಿಂಡೋಸ್‌ನ ತುಂಗಾ, ನಿರ್ಮಲಾ ಫಾಂಟ್‌ಗಳ ಬದಲು ಮ್ಯಾಕ್ ಬೇರೆ ಫಾಂಟ್ ಹಾಕುತ್ತದೆ, ಹಾಗಾಗಿ 40 ಪುಟದ ರಿಪೋರ್ಟ್ 43 ಪುಟವಾಗಿ ಪರಿವಿಡಿಯ ಪುಟಸಂಖ್ಯೆ ತಪ್ಪಬಹುದು. ಗೈಡ್ ಜೊತೆ ಫೈಲ್ ಹಂಚಿಕೊಳ್ಳುವವರು ಎರಡೂ ಕಡೆ ನೋಟೊ ಸಾನ್ಸ್ ಕನ್ನಡ ಬಳಸಿ. ಕೊನೆಯ ಪ್ರತಿ ಯಾವಾಗಲೂ ಪಿಡಿಎಫ್.

ಪ್ರೋಗ್ರಾಂ ಮತ್ತು ಕೋಡಿಂಗ್

ಮ್ಯಾಕ್ ಪ್ರೋಗ್ರಾಂಗಳನ್ನು ತುಂಬಿ ಕೊಡುವ ಡಿಎಂಜಿ ಫೈಲ್ ತೆರೆದಾಗ ಕಾಣುವ ಚಿಹ್ನೆಯನ್ನು ಅಪ್ಲಿಕೇಶನ್ಸ್ ಫೋಲ್ಡರಿಗೆ ಎಳೆದು ಹಾಕಿ, ಆಮೇಲೆ ಡಿಎಂಜಿಯನ್ನು ಇಜೆಕ್ಟ್ ಮಾಡಿ. ಎಳೆಯದೆ ಅಲ್ಲಿಂದಲೇ ಓಡಿಸಿದರೆ, ಯಂತ್ರ ಆಫ್ ಮಾಡಿ ಹಾಕಿದ ಮೇಲೆ ಪ್ರೋಗ್ರಾಂ ಕಾಣೆಯಾದಂತಾಗುತ್ತದೆ. ತಯಾರಕರನ್ನು ಪರಿಶೀಲಿಸಲಾಗಿಲ್ಲ ಎಂದು ತಡೆದರೆ, ಮೂಲ ನಂಬಿಕೆಯದ್ದಾಗಿದ್ದಲ್ಲಿ ಮಾತ್ರ, ಪ್ರೈವಸಿ ಅಂಡ್ ಸೆಕ್ಯುರಿಟಿಯ ಕೆಳಭಾಗದಲ್ಲಿ 'ಓಪನ್ ಎನಿವೇ' ಒತ್ತಿ.

ಟರ್ಮಿನಲ್‌ನಲ್ಲಿ ಗಿಟ್ ಕಮಾಂಡ್ ಕೊಟ್ಟರೆ ಡೆವಲಪರ್ ಟೂಲ್ಸ್ ಹಾಕಲೇ ಎಂದು ಮ್ಯಾಕ್ ಕೇಳುತ್ತದೆ, ಹೂಂ ಎನ್ನಿ. ಅದರ ಜೊತೆ ಸಿ ಕಂಪೈಲರೂ ಬರುತ್ತದೆ. ಆದರೆ ಜಿಸಿಸಿ ಎಂದು ಕರೆದರೂ ಅಲ್ಲಿ ಓಡುವುದು ಕ್ಲಾಂಗ್ ಎಂಬ ಬೇರೆ ಕಂಪೈಲರ್. ಆದ್ದರಿಂದ ಸ್ಪರ್ಧಾ ಕೋಡಿಂಗ್‌ನವರು ಮೊದಲ ಸಾಲಿನಲ್ಲೇ ಹಾಕುವ, ಎಲ್ಲ ಲೈಬ್ರರಿಗಳನ್ನೂ ಒಟ್ಟಿಗೆ ತರುವ ಬಿಟ್ಸ್ ಹೆಡರ್ ಸಿಗಲಿಲ್ಲ ಎಂಬ ದೋಷ ಬರುತ್ತದೆ. ಟರ್ಮಿನಲ್‌ನಿಂದಲೇ ಪ್ರೋಗ್ರಾಂ ಹಾಕಿಕೊಡುವ ಹೋಮ್‌ಬ್ರೂ ಮೂಲಕ ನಿಜವಾದ ಜಿಸಿಸಿ ಹಾಕಿ, ಆವೃತ್ತಿ ಸಂಖ್ಯೆ ಸೇರಿಸಿಯೇ ಅದನ್ನು ಕರೆಯಿರಿ. ಸಂಖ್ಯೆ ಬಿಟ್ಟರೆ ಮತ್ತೆ ಕ್ಲಾಂಗ್ ಓಡುತ್ತದೆ. ಹೋಮ್‌ಬ್ರೂ ಹಾಕಿದ ಕೊನೆಗೆ ಅದು ತೋರಿಸುವ ಎರಡು ಮೂರು ಸಾಲುಗಳನ್ನು ಟರ್ಮಿನಲ್‌ನಲ್ಲಿ ಓಡಿಸದಿದ್ದರೆ 'ಕಮಾಂಡ್ ನಾಟ್ ಫೌಂಡ್' ಬರುತ್ತದೆ. ಟರ್ಬೊ ಸಿ ಕಾಲದ ಕೋನಿಯೊ ಹೆಡರ್ ಮ್ಯಾಕ್‌ನಲ್ಲಿ ಇಲ್ಲವೇ ಇಲ್ಲ. ಲ್ಯಾಬ್ ಪ್ರೋಗ್ರಾಂನಿಂದ ಅದನ್ನೂ, ಪರದೆ ಅಳಿಸುವ ಸಾಲನ್ನೂ, ಕೀಗಾಗಿ ಕಾಯುವ ಸಾಲನ್ನೂ ತೆಗೆಯಿರಿ.

ಕಾಲೇಜಿನಲ್ಲಿ

ಮ್ಯಾಕ್‌ಬುಕ್ ಏರ್‌ನಲ್ಲಿ ಎಚ್‌ಡಿಎಂಐ ಇಲ್ಲ, ಮಾಮೂಲಿ ಯುಎಸ್‌ಬಿ ಕಿಂಡಿಯೂ ಇಲ್ಲ. ಸೆಮಿನಾರ್ ಇದ್ದ ದಿನ ಹಬ್ ಬ್ಯಾಗಿನಲ್ಲಿರಲಿ. ಕ್ಲಾಸಿನ ಪ್ರೊಜೆಕ್ಟರ್ ವಿಜಿಎ ಆಗಿದ್ದರೆ ಆ ಕಿಂಡಿಯೂ ಇರುವ ಹಬ್ ಕೊಳ್ಳಿ. ಪೇಜಸ್, ಕೀನೋಟ್‌ನ ಫೈಲ್‌ಗಳು ಗೆಳೆಯರ ವಿಂಡೋಸ್‌ನಲ್ಲಿ ನೇರವಾಗಿ ತೆರೆಯುವುದಿಲ್ಲ, ವರ್ಡ್ ಅಥವಾ ಪವರ್‌ಪಾಯಿಂಟ್ ರೂಪಕ್ಕೆ ಎಕ್ಸ್‌ಪೋರ್ಟ್ ಮಾಡಿ ಕಳಿಸಿ. ಫೈಲ್ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಲು ಮ್ಯಾಕ್ ಬಿಡುತ್ತದೆ, ವಿಂಡೋಸ್ ಬಿಡುವುದಿಲ್ಲ. ಅಂಥ ಜಿಪ್ ಅವರ ಕಡೆ ಬಿಚ್ಚುವಾಗ ತಕರಾರು ಮಾಡುತ್ತದೆ.

ಸೆಮಿಸ್ಟರ್ ಮುಗಿದ ಮೇಲೆ

ಎಲ್ಲ ಫೋಲ್ಡರ್ ತೆರೆದು ನೋಡಿದ್ದೀರಿ, ಒಂದು ಬ್ಯಾಕಪ್ ಬೇರೆ ಡಿಸ್ಕಿನಲ್ಲಿದೆ ಎಂದಾದರೆ ಹಳೆ ಲ್ಯಾಪ್‌ಟಾಪ್ ಬಿಡುಗಡೆ ಮಾಡಬಹುದು. ಒಂದೇ ಯಂತ್ರಕ್ಕೆ ಸಿಗುವ ಲೈಸೆನ್ಸ್‌ಗಳನ್ನು ಮೊದಲು ಡಿಆಕ್ಟಿವೇಟ್ ಮಾಡಿ. ಬ್ರೌಸರ್‌ನ ಪಾಸ್‌ವರ್ಡ್‌ಗಳು ಹೊಸ ಯಂತ್ರಕ್ಕೆ ಬಂದಿವೆಯೇ ನೋಡಿ, ಎಲ್ಲ ಅಕೌಂಟ್‌ಗಳಿಂದ ಸೈನ್ ಔಟ್ ಆಗಿ. ನಂತರ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ರಿಕವರಿ, 'ರೀಸೆಟ್ ದಿಸ್ ಪಿಸಿ', 'ರಿಮೂವ್ ಎವ್ರಿಥಿಂಗ್' ಆರಿಸಿ, ಚೇಂಜ್ ಸೆಟ್ಟಿಂಗ್ಸ್ ಒಳಗೆ 'ಕ್ಲೀನ್ ಡೇಟಾ' ಆನ್ ಮಾಡಿ. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಚಾರ್ಜರ್ ಚುಚ್ಚಿಟ್ಟು ರಾತ್ರಿ ಮಲಗುವ ಮುನ್ನ ಶುರು ಮಾಡಿ.