ಬ್ಯಾಕ್‌ಸ್ಪೇಸ್ ಬಂದ್ ಮಾಡಿ ಟೈಪಿಂಗ್ ಕಲಿಸಿದ ನನ್ನ ಅನುಭವ

ಬ್ಯಾಕ್‌ಸ್ಪೇಸ್ ಇಲ್ದೆ ಕಂಪ್ಯೂಟರ್ ಟೈಪಿಂಗ್ ಕಲಿಸ್ತೀನಿ ಅಂದಾಗ ನಮ್ಮ ಲೈನಿನ ಇನ್‌ಸ್ಟಿಟ್ಯೂಟ್‌ನೋರೆಲ್ಲ ನಕ್ಕಿದ್ರು. ಈಗ ಅವರಲ್ಲೇ ಇಬ್ರು ಫಾರ್ಮ್ಯಾಟಿಂಗ್, ಅಂದ್ರೆ ಟೈಪಾದ ಪುಟನ ಸರಿಯಾಗಿ ಜೋಡಿಸೋದು, ಕಲಿಯೋಕೆ ಅವರ ಹುಡುಗರನ್ನ ನನ್ನ ಹತ್ರ ಕಳಿಸ್ತಿದ್ದಾರೆ, ಹಾಗಾಗಿ ಬರೆಯೋ ಧೈರ್ಯ ಬಂತು. ಎಎಸ್‌ಡಿಎಫ್ ಅನ್ನೋ ಮೊದಲ ಬೆರಳು ಪಾಠ ಎಲ್ಲ ಟೈಪಿಂಗ್ ಕಲಿಸೋ ನಿಮಗೆ ಗೊತ್ತಿರೋದೇ, ಅದನ್ನ ಬಿಟ್ಟು ಮುಂದಕ್ಕೆ ಹೋಗ್ತೀನಿ.

ತಿಪಟೂರಲ್ಲಿ ನಮ್ದು ಒಂದು ಕಡೆ ಇನ್‌ಸ್ಟಿಟ್ಯೂಟು, ಮುಂದಿನ ರೂಮಲ್ಲಿ ಜಾಬ್ ವರ್ಕು. ವಕೀಲರದ್ದು, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗೋ ಕ್ರಯಪತ್ರ, ಸೊಸೈಟಿ ನಡವಳಿ, ಇವೇ ಜಾಸ್ತಿ. ಗೋದ್ರೆಜ್ ಮಷೀನ್‌ಗಳಿಗೆ ರಿಬ್ಬನ್ ಸಿಗೋದೇ ಕಷ್ಟ ಆದ್ಮೇಲೆ ಎಂಟೋ ಒಂಬತ್ತೋ ಮಷೀನು ಗುಜರಿಗೆ ಹಾಕ್ದೆ, ಒಂದಕ್ಕೆ ಸಾವಿರ ರೂಪಾಯಿನೂ ಸರಿಯಾಗಿ ಸಿಗಲಿಲ್ಲ. ಬೆಂಗಳೂರು ಎಸ್‌ಪಿ ರೋಡಿಂದ ಸೆಕೆಂಡ್ ಹ್ಯಾಂಡ್ ಸಿಸ್ಟಮ್ ತಂದೆ, ಮಾನಿಟರ್ ಸೇರಿ ಒಂದಕ್ಕೆ ಒಂಬತ್ತು ಸಾವಿರದ ಆಸುಪಾಸು ಬಿತ್ತು. ಅಲ್ಲಿಂದ ಶುರುವಾಯ್ತು ನೋಡಿ ತಲೆನೋವು. ಮಷೀನಲ್ಲಿ ಕಲಿತೋರು ಒಂದು ಪುಟಕ್ಕೆ ಒಂದೋ ಎರಡೋ ತಪ್ಪು ಮಾಡ್ತಿದ್ರು, ಕಂಪ್ಯೂಟರಲ್ಲಿ ಕಲಿತೋರು ಬ್ಯಾಕ್‌ಸ್ಪೇಸ್ ಕುಟ್ಟಿ ಕುಟ್ಟಿ ಮೂರು ಅಕ್ಷರ ಮುಂದೆ ಹೋದ್ರೆ ಎರಡು ಅಕ್ಷರ ಹಿಂದೆ ಬರ್ತಿದ್ರು, ಅಷ್ಟಾದ್ರೂ ಪ್ರಿಂಟ್ ತೆಗೆದು ನೋಡಿದ್ರೆ ಎಂಟ್ಹತ್ತು ತಪ್ಪು ಇದ್ದೇ ಇರೋದು.

ಮೊದಲು ಮಾಡಿದ್ದು ಟೈಪಿಂಗ್ ಟ್ಯೂಟರ್ ಸಾಫ್ಟ್‌ವೇರ್. ಲೈಸೆನ್ಸಿಗೆ ಆರೇಳು ಸಾವಿರ ಕೊಟ್ಟೆ. ಅದ್ರಲ್ಲಿ ಸ್ಕ್ರೀನ್ ನೋಡ್ಕೊಂಡೇ ಹೊಡೆಯೋದು, ಆಫೀಸಲ್ಲಿ ಯಾವನು ಸ್ಕ್ರೀನ್ ನೋಡಿ ಟೈಪ್ ಮಾಡ್ತಾನೆ, ಪಕ್ಕದಲ್ಲಿ ಕೈಬರಹದ ಡ್ರಾಫ್ಟ್ ಇರುತ್ತೆ, ಅದೂ ಹಳೇ ವಕೀಲರ ಕೈಬರಹ. ದುಡ್ಡು ನೀರಿಗೆ ಹೋಯ್ತು. ಆಮೇಲೆ ಕೀಗಳ ಮೇಲೆ ಕರೀ ಟೇಪ್ ಅಂಟಿಸ್ದೆ, ಬೇಸಿಗೆಗೆ ಗೋಂದು ಕರಗಿ ಬೆರಳಿಗೆ ಮೆತ್ಕೊಳ್ತು, ಹದಿನೈದು ದಿನದಲ್ಲಿ ಎಲ್ಲ ಕಿತ್ತು ಹಾಕ್ದೆ. ಮೆಕ್ಯಾನಿಕಲ್ ಕೀಬೋರ್ಡ್ ಒಂದು ತಂದು ನೋಡ್ದೆ, ಎರಡೂವರೆ ಸಾವಿರ, ಸದ್ದು ಚೆನ್ನಾಗಿದೆ ಬಿಟ್ರೆ ಸ್ಪೀಡಲ್ಲಿ ಏನೂ ವ್ಯತ್ಯಾಸ ಇಲ್ಲ, ಈಗ ಅದು ನನ್ನ ಮಗನ ಗೇಮಿಗೆ ಹೋಗಿದೆ.

ಆಮೇಲೆ ಬ್ಯಾಕ್‌ಸ್ಪೇಸ್. ಕೀ ಮೇಲಿನ ಕ್ಯಾಪ್ ಕಿತ್ತಿಟ್ರೆ ಹುಡುಗರು ಪೆನ್ನಿನ ತುದಿಯಿಂದ ಒಳಗಿನ ರಬ್ಬರ್ ಒತ್ತುತಾರೆ. ಪವರ್‌ಟಾಯ್ಸ್ ಅನ್ನೋ ಮೈಕ್ರೋಸಾಫ್ಟ್ ಪ್ರೋಗ್ರಾಮ್ ಹಾಕಿ ಡಿಸೇಬಲ್ ಮಾಡಿದ್ರೆ ಕೆಳಗಡೆ ಐಕಾನ್‌ಗೆ ಹೋಗಿ ಅದನ್ನೇ ಕ್ಲೋಸ್ ಮಾಡ್ತಾರೆ. ಕೊನೆಗೆ ಶಾರ್ಪ್‌ಕೀಸ್ ಅನ್ನೋ ಫ್ರೀ ಪ್ರೋಗ್ರಾಮಲ್ಲಿ ಬ್ಯಾಕ್‌ಸ್ಪೇಸು, ಡಿಲೀಟು ಎರಡನ್ನೂ ಆಫ್ ಮಾಡ್ದೆ, ಅದು ವಿಂಡೋಸ್ ಒಳಗಿನ ಸೆಟ್ಟಿಂಗ್ ಪಟ್ಟಿಯಾದ ರಿಜಿಸ್ಟ್ರಿಯಲ್ಲೇ ಕೂರುತ್ತೆ, ಒಂದ್ಸಲ ರೀಸ್ಟಾರ್ಟ್ ಆದ್ಮೇಲೆ ಏನು ತಿಪ್ಪರಲಾಗ ಹಾಕಿದ್ರೂ ಆಗಲ್ಲ. ಆಗ ಹೊಡೆದಿದ್ದನ್ನ ವಾಪಸ್ ತೆಗೆಯೋ ಕಂಟ್ರೋಲ್ ಜೆಡ್ ಕಂಡ್ಕೊಂಡ್ರು, ಕಳ್ಳರು! ಅದನ್ನ ಹೇಗೆ ತಡೆದೆ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ, ಒಂದು ರೂಪಾಯಿ ಖರ್ಚಿಲ್ಲ ಅಷ್ಟು ಹೇಳ್ತೀನಿ.

ನಿಯಮ ಇಷ್ಟೇ: ತಪ್ಪಾದ್ರೆ ಹಾಗೇ ಬಿಟ್ಟು ಮುಂದೆ ಹೋಗಬೇಕು, ಒಂದು ಸಾಲಲ್ಲಿ ಮೂರು ತಪ್ಪು ಕಂಡ್ರೆ ಆ ಸಾಲು ಪೂರ್ತಿ ಕೆಳಗೆ ಮತ್ತೆ. ಮೊದಲ ಎರಡ್ಮೂರು ವಾರ ಸ್ಪೀಡ್ ಬಿದ್ದೋಗುತ್ತೆ, ನಿಮಿಷಕ್ಕೆ ಹದಿನೈದು ಪದದಲ್ಲಿ ಇದ್ದೋನು ಹತ್ತಕ್ಕೆ ಬರ್ತಾನೆ, ಆವಾಗ್ಲೇ ಮನೆಯೋರು ಬಂದು ಜಗಳ ಆಡೋದು. ಒಬ್ರು ತಂದೆ ಬಂದು "ಏನ್ ಸಾರ್, ತಿಂಗಳಿಗೆ ಎಂಟ್ನೂರು ಇಸ್ಕೊಂಡು ಕೆಟ್ಟೋಗಿರೋ ಕೀಬೋರ್ಡಲ್ಲಿ ಕೂರಿಸಿದ್ದೀರ" ಅಂದ್ರು. ಆ ಬ್ಯಾಚಲ್ಲಿ ಅರ್ಧಕ್ಕರ್ಧ ಜನ ಬಿಟ್ಟೋದ್ರು, ಎರಡು ತಿಂಗಳು ಬಾಡಿಗೆ ಜಾಬ್ ವರ್ಕ್ ದುಡ್ಡಲ್ಲೇ ಕಟ್ಟಿದ್ದು. ಉಳಿದೋರು ಮೂರು ತಿಂಗಳಾಗೋ ಹೊತ್ತಿಗೆ ಇಂಗ್ಲಿಷಲ್ಲಿ ಮೂವತ್ತೈದರ ಮೇಲಿದ್ರು, ಪುಟಕ್ಕೆ ಒಂದೋ ಎರಡೋ ತಪ್ಪು. ಬಿಟ್ಟೋದ ಹುಡುಗಿ ಒಬ್ಳು ವಾಪಸ್ ಬಂದು ಸೇರ್ಕೊಂಡ್ಳು ಅನ್ನೋದನ್ನೂ ಹೇಳ್ಬಿಡ್ತೀನಿ.

ಕನ್ನಡದ್ದು ಬೇರೆ ಕಥೆ. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿರೋ ಕೆಪಿ ರಾವ್ ಲೇಔಟಲ್ಲಿ, ಅಂದ್ರೆ ಕೀಗಳ ಜೋಡಣೆಯಲ್ಲಿ, ತ ಇರೋದು ಟಿ ಮೇಲೆ, ಒತ್ತಕ್ಷರಕ್ಕೆ ಎಫ್. ಆಫೀಸ್ ಕನ್ನಡದಲ್ಲಿ ಯಾವ ವಾಕ್ಯ ಹಿಡಿದ್ರೂ ಕೊನೆಗೆ "ಇರುತ್ತದೆ" ಬರುತ್ತಲ್ಲ, ಅದನ್ನ ಹೊಡೆದು ನೋಡಿ, ಎಂಟು ಕೀಯಲ್ಲಿ ಆರು ಎಡಗೈಗೇ ಬೀಳುತ್ತೆ, ಅದ್ರಲ್ಲೂ ಟಿ ಎಫ್ ಟಿ ಅಂದ್ರೆ ತೋರುಬೆರಳಿಗೆ ಸಾಲಾಗಿ ಮೂರು ಪೆಟ್ಟು. ಇಂಗ್ಲಿಷ್ ಡ್ರಿಲ್ ಮಾಡಿ ಬಂದೋರು ಅಲ್ಲಿ ತಡವರಿಸ್ತಾರೆ. ಅದಕ್ಕೆ ಪುಸ್ತಕದ ಪಾಠ ಬಿಟ್ಟು "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ", "ಕೋರಲಾಗಿದೆ", "ಉಪನೋಂದಣಾಧಿಕಾರಿ" ಈ ಥರ ನಿಜವಾದ ಕಾಗದಗಳಿಂದ ಇನ್ನೂರು ಚಿಲ್ಲರೆ ಪದ ಆರಿಸಿ ಒಂದು ಕ್ರಮದಲ್ಲಿ ಜೋಡಿಸ್ದೆ. ಆ ಕ್ರಮನೇ ನನ್ನ ಬಂಡವಾಳ, ಆ ಶೀಟು ಕೇಳ್ಬೇಡಿ.

ಇನ್ನೊಂದು, ಹಳೇ ನುಡಿ ಫಾಂಟಿನ ಫೈಲಲ್ಲಿ ಕೆಲಸ ಮಾಡೋ ಮುಂಚೆ ವರ್ಡಲ್ಲಿ ಆಟೋಕರೆಕ್ಟ್ ಪೂರ್ತಿ ಆಫ್ ಮಾಡಿ. ಒಳಗಡೆ ಅದು ಇಂಗ್ಲಿಷ್ ಅಕ್ಷರಗಳೇ ಆಗಿರೋದ್ರಿಂದ ವರ್ಡು ತನ್ನ ಪಾಡಿಗೆ ತಾನು ಕ್ಯಾಪಿಟಲ್ ಮಾಡಿ ಕನ್ನಡನ ಕೆಡಿಸಿ ಇಡುತ್ತೆ, ಆಪರೇಟರ್ ಮೇಲೆ ಬೈಗುಳ ಬೀಳುತ್ತೆ.

ಮಧ್ಯದಲ್ಲಿ ವಾಯ್ಸ್ ಟೈಪಿಂಗೂ ನೋಡ್ದೆ, ಒಬ್ರು ವಕೀಲರು ಫೋನಲ್ಲಿ ಹೇಳ್ತಾ ಹೋದ್ರು. ಮಾತು ಪರವಾಗಿಲ್ಲ, ಚೆನ್ನಾಗೇ ಬಂತು. ಸರ್ವೆ ನಂಬರು, ಗುಂಟೆ ಲೆಕ್ಕ, ಅಜ್ಜನ ಕಾಲದ ಹೆಸರುಗಳು ಬಂದಾಗ ಎಲ್ಲ ಕಲಸುಮೇಲೋಗರ. ತಿದ್ದೋ ಹೊತ್ತಿಗೆ ನಮ್ಮ ಹುಡುಗಿ ಎರಡು ಪುಟ ಜಾಸ್ತಿ ಹೊಡೆದಿದ್ಲು.

ಈಗ ಫಾರ್ಮ್ಯಾಟಿಂಗ್. ಎಲ್ಲ ಕಡೆ ಕಲಿಸೋದು ಹೇಗೆ, ಚೆಂದದ ಒಂದು ಲೆಟರ್ ಕೊಟ್ಟು ಇದೇ ಥರ ಮಾಡು ಅಂತಾರೆ. ಹುಡುಗ ಸ್ಪೇಸ್ ಬಾರ್ ಒತ್ತಿ ಒತ್ತಿ ಅದೇ ಥರ ಕಾಣೋ ಹಾಗೆ ಮಾಡ್ತಾನೆ, ಪ್ರಿಂಟೂ ಸರಿಯಾಗೇ ಬರುತ್ತೆ, ಫಾಂಟ್ ಸೈಜ್ ಒಂದು ಪಾಯಿಂಟ್ ಬದಲಾಯಿಸಿದ್ರೆ ಸಹಿ ಜಾಗ ಎಲ್ಲೋ ಹೋಗಿರುತ್ತೆ. ನಾನು ಉಲ್ಟಾ ಮಾಡ್ದೆ. ಕೆಟ್ಟ ಫೈಲೇ ಕೊಡೋದು. ಜಾಬ್ ವರ್ಕಿಗೆ ಬರೋ ಪೆನ್‌ಡ್ರೈವಲ್ಲಿ ಇಂಥವು ಬೇಕಾದಷ್ಟು ಬರ್ತಾವೆ, ಹೆಸರು, ಸರ್ವೆ ನಂಬರು ಎಲ್ಲ ಬದಲಾಯಿಸಿ ಇಟ್ಕೊಂಡಿದ್ದೀನಿ. ಕಂಟ್ರೋಲ್ ಶಿಫ್ಟ್ ಎಂಟು ಒತ್ತಿ ಸ್ಪೇಸಿನ ಚುಕ್ಕಿ, ಟ್ಯಾಬಿನ ಬಾಣ ಎಲ್ಲ ಕಾಣೋ ಹಾಗೆ ಮಾಡಿ ಮುಂದೆ ಇಟ್ರೆ ಸಾಕು, ಎಕ್ಸ್‌ರೇ ನೋಡ್ದಂಗೆ ಹುಡುಗರಿಗೇ ಕಾಯಿಲೆ ಕಾಣುತ್ತೆ.

ಜಾಸ್ತಿ ದಿನ ಹಿಡಿಯೋದು ಎರಡೇ ಜಾಗ. ಒಂದು ಸರ್ಕಾರಿ ಪತ್ರದ ವಿಷಯ, ಉಲ್ಲೇಖ. ಎರಡನೇ ಸಾಲು "ವಿಷಯ" ಅನ್ನೋದರ ಕೆಳಗೆ ಬರಬಾರದು, ಮೊದಲ ಸಾಲಿನ ಮಾತು ಶುರುವಾದ ಜಾಗದ ಕೆಳಗೇ ಬರಬೇಕು, ಅದಕ್ಕೆ ಮೊದಲ ಸಾಲು ಬಿಟ್ಟು ಉಳಿದ ಸಾಲನ್ನ ಒಳಕ್ಕೆ ಸರಿಸೋ ಕಂಟ್ರೋಲ್ ಟಿ ಒಂದೇ ಸಾಕು, ಇಪ್ಪತ್ತು ವರ್ಷ ಸರ್ವಿಸ್ ಆದೋರೂ ಅಲ್ಲಿ ಎಂಟರ್ ಹೊಡೆದು ಸ್ಪೇಸ್ ಕೊಡ್ತಿರ್ತಾರೆ. ಇನ್ನೊಂದು ಕ್ರಯಪತ್ರದ ಷೆಡ್ಯೂಲು, ಅಂದ್ರೆ ಆಸ್ತಿ ವಿವರದ ಭಾಗ. ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಅಂತ ಚಕ್ಕುಬಂದಿ ಬರುತ್ತಲ್ಲ, ಆ ನಾಲ್ಕು ಕೋಲನ್ ಒಂದೇ ಗೆರೆಯಲ್ಲಿ ನಿಲ್ಲಿಸೋಕೆ ಟ್ಯಾಬ್ ಹಾಕು ಅಂತೀನಿ, ಕೆಲವರು ಬಾರ್ಡರ್ ಇಲ್ಲದ ಟೇಬಲ್ ಹಾಕ್ತಾರೆ. ಎರಡೂ ಒಪ್ಕೋತೀನಿ. ಸ್ಪೇಸ್ ಹಾಕಿದ್ರೆ ಮಾತ್ರ ಮೊದಲಿಂದ. ಸಹಿ ಭಾಗ ಒಂದೇ ಕೊನೇ ಪುಟಕ್ಕೆ ಹೋಗಿ ಒಂಟಿಯಾಗಿ ಕೂರದ ಹಾಗೆ ಕೀಪ್ ವಿತ್ ನೆಕ್ಸ್ಟ್ ಕಲಿಸೋದು ಆಮೇಲೆ, ಸ್ಟೈಲ್, ಅಂದ್ರೆ ಫಾಂಟು, ಸ್ಪೇಸಿಂಗು ಎಲ್ಲ ಒಂದು ಹೆಸರಲ್ಲಿ ಇಟ್ಟು ಬೇಕಾದಾಗ ಒಟ್ಟಿಗೆ ಬದಲಾಯಿಸೋದು, ಅದಕ್ಕೂ ಆಮೇಲೆ.

ಸ್ಟೈಲ್ ಯಾಕೆ ಬೇಕು, ನಮ್ಮೂರಿನ ಕೆಲಸಕ್ಕೆ ಜಾಸ್ತಿ ಆಯ್ತು ಅಂತ ಹೇಳಿದೋರು ಬಹಳ ಜನ. 2020ರ ಮಾರ್ಚಲ್ಲಿ ಸುಪ್ರೀಂ ಕೋರ್ಟಿನೋರು ಲೀಗಲ್ ಸೈಜ್ ಬಿಟ್ಟು ಎ4 ಅಂದ್ರಲ್ಲ, ಟೈಮ್ಸ್ ನ್ಯೂ ರೋಮನ್ 14, ಒಂದೂವರೆ ಸ್ಪೇಸಿಂಗು, ಎಡ ಬಲ ನಾಲ್ಕು ನಾಲ್ಕು ಸೆಂಟಿಮೀಟರ್ ಮಾರ್ಜಿನ್, ಮೇಲೆ ಕೆಳಗೆ ಎರಡೆರಡು, ಎರಡೂ ಬದಿ ಪ್ರಿಂಟು. ಆಮೇಲೆ ಒಂದು ಆಸ್ತಿ ಕೇಸು ದೆಹಲಿಗೆ ಹೋಗೋದಿತ್ತು, ಇಲ್ಲಿನ ಕನ್ನಡ ದಾಖಲೆಗಳ ಇಂಗ್ಲಿಷ್ ಅನುವಾದ ಎಂಬತ್ತು ತೊಂಬತ್ತು ಪುಟ, ಎಲ್ಲ ಲೀಗಲ್ ಸೈಜಲ್ಲಿ ಡಬಲ್ ಸ್ಪೇಸಲ್ಲಿ ಟೈಪಾಗಿತ್ತು. ಬೇರೆ ಕಡೆ ಕೇಳಿದ್ರೆ ಮೂರು ದಿನ ಬೇಕು ಅಂದಿದ್ರಂತೆ. ನಮ್ಮ ಹುಡುಗಿ ಸ್ಟೈಲಲ್ಲೇ ಕಟ್ಟಿದ್ದ ಫೈಲು ಅದು, ಪೇಜ್ ಸೆಟಪ್ ಮತ್ತೆ ಎರಡು ಸ್ಟೈಲ್ ಬದಲಾಯಿಸಿದ್ಲು, ಟೀ ತಣ್ಣಗಾಗೋದ್ರೊಳಗೆ ಮುಗೀತು, ಉಳಿದ ಸಂಜೆ ಪುಟ ಪುಟ ಕಣ್ಣಾಡಿಸಿದ್ದಷ್ಟೇ. ಆ ವಕೀಲರು ಚೌಕಾಸಿ ಮಾಡ್ದೆ ಮೂರೋ ಮೂರೂವರೆ ಸಾವಿರನೋ ಕೊಟ್ರು, ಅವರಿಂದ ಅದು ಬರೋದು ಅಂದ್ರೆ ಸಾಮಾನ್ಯ ಅಲ್ಲ.

ಈಗ ಫೈಲ್ ರಿಪೇರಿಗೆ ಅಂತಲೇ ಪುಟಕ್ಕೆ ಹತ್ತು ರೂಪಾಯಿ ರೇಟಿಟ್ಟಿದ್ದೀನಿ, ತಿಂಗಳಿಗೆ ನಾಲ್ಕೈದು ಸಾವಿರ ಅದರಿಂದಲೇ ಬರುತ್ತೆ, ಕೆಲಸ ಮಾಡೋ ಹುಡುಗರಿಗೆ ಅರ್ಧ. ಫೀಸು ಸಾವಿರ ಆಗಿದೆ. ಬ್ಯಾಕ್‌ಸ್ಪೇಸ್ ಇರೋ ಸಿಸ್ಟಮ್ ರೂಮಲ್ಲಿ ಒಂದೇ ಒಂದು, ಮೂರು ಪುಟ ತಪ್ಪಿಲ್ಲದೆ ಕೊಟ್ಟೋರಿಗೆ ಮಾತ್ರ. ಅಲ್ಲಿ ಕೂತ್ರೂ ಬಹಳ ಜನ ಆ ಕೀ ಮುಟ್ಟೋದೇ ಕಮ್ಮಿ. ನೀವೂ ಶುರು ಮಾಡೋದಾದ್ರೆ ಮೊದಲ ತಿಂಗಳ ಫೀಸು ಅರ್ಧ ಇಟ್ಕೊಳ್ಳಿ, ಬಿಟ್ಟೋಗೋರು ಆ ತಿಂಗಳಲ್ಲೇ ಹೋಗೋದು. ಕೆಟ್ಟ ಫೈಲುಗಳು ಬೇಕಾದ್ರೆ ಒಂದು ಪೆನ್‌ಡ್ರೈವ್ ತಗೊಂಡು ಬನ್ನಿ, ನಲ್ವತ್ತೈವತ್ತು ಇದಾವೆ, ಪುಕ್ಕಟೆ ಕೊಡ್ತೀನಿ.