ಹಳೇ ಜರ್ಮನ್ ಜೋಡುನಳಿಗೆ ಕೋವಿ: ಗುರುತಿಸುವುದು, ಬೆಲೆ ಕಟ್ಟುವುದು ಹೇಗೆ?

ಕೊಡಗಿನ ನಮ್ಮ ನೆಂಟರ ಮನೆಯಲ್ಲಿ ಒಂದು ಜೋಡುನಳಿಗೆ ಕೋವಿ ಇದೆ. ನಳಿಗೆ ಮೇಲೆ ‘ಫ್ಲುಸ್ ಸ್ಟಾಲ್ ಕ್ರುಪ್ ಎಸ್ಸೆನ್’ ಎಂದು ಕೊರೆದಿದೆ. ಮೂರು ತಲೆಮಾರಿನಿಂದ ಅದು ‘ಕ್ರುಪ್ ಕೋವಿ’. ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುವಾಗಲೂ ಅದೇ ಹೆಸರು. ಆದರೆ ಕ್ರುಪ್ ಉಕ್ಕಿನ ಕಂಪನಿ. ಎಸ್ಸೆನ್ ಊರಿನ ಅದರ ಉಕ್ಕನ್ನು ಕೊಂಡು ಕೋವಿ ಮಾಡಿದವರು ಬೇರೆ. ಮೇಲೆ ಕಾಣುವ ಹೆಸರು ನಂಬಿ ಬೆಲೆ ಹೇಳಿದರೆ ಹೀಗೆ ಮೋಸ ಹೋಗುತ್ತೇವೆ. ನಿಜವಾದ ವಿವರ ಇರುವುದು ನಳಿಗೆಯ ಕೆಳಗೆ.

ಮೊದಲು ಕೋವಿ ಖಾಲಿ ಇದೆಯಾ ನೋಡಿ. ಲಿವರ್ ತಳ್ಳಿ ಬಿಚ್ಚಿ, ಎರಡೂ ನಳಿಗೆಯಲ್ಲಿ ಬೆಳಕು ಕಾಣಬೇಕು. ಲೈಸೆನ್ಸ್ ಇರುವವರು ಎದುರಿಗೇ ಇರಲಿ. ಆಮೇಲೆ ನಳಿಗೆಯ ಕೆಳಗಿನ ಮುಂದಿನ ಮರವನ್ನು ಕಳಚಿ, ನಳಿಗೆಗಳನ್ನು ಹಿಡಿಯಿಂದ ಬೇರೆ ಮಾಡಿ. ಬರದಿದ್ದರೆ ಜೋರು ಮಾಡಬೇಡಿ, ಕೋವಿ ರಿಪೇರಿಯವರಿಗೆ ಕೊಡಿ.

ಈಗ ನಳಿಗೆಗಳನ್ನು ಬೋರಲು ಹಾಕಿ. ತೋಟ (ಕಾರ್ಟ್ರಿಜ್) ಕೂರುವ ಭಾಗದ ಕೆಳಗೆ ಚಪ್ಪಟೆ ಜಾಗ ಇರುತ್ತದೆ. ಹತ್ತಿ ಬಟ್ಟೆಗೆ ಎರಡು ತೊಟ್ಟು ಎಣ್ಣೆ ಹಾಕಿ ಒರೆಸಿ, ಭೂತಗನ್ನಡಿ ಹಿಡಿದು, ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಸಣ್ಣ ಸಣ್ಣ ಕಿರೀಟಗಳು ಕಾಣುತ್ತವೆ. ಅವು ನಳಿಗೆ ಒತ್ತಡ ತಡೆಯುತ್ತದೆಯೇ ಎಂದು ನೋಡುವ ಸರ್ಕಾರಿ ಪರೀಕ್ಷೆಯ ಮುದ್ರೆಗಳು. ಜರ್ಮನಿಯಲ್ಲಿ 1891ರ ಕಾನೂನು 1893ರಲ್ಲಿ ಜಾರಿಗೆ ಬಂದ ಮೇಲೆ ಈ ಪರೀಕ್ಷೆ ಕಡ್ಡಾಯವಾಯಿತು. ಕಿರೀಟದ ಕೆಳಗೆ ಯು ಇದ್ದರೆ ಕೋವಿ ತಪಾಸಣೆಯಾಗಿದೆ. ಎಸ್ ಇದ್ದರೆ ಅದು ಚರೆ ಹೊಡೆಯುವ ನಳಿಗೆ. ಡಬ್ಲ್ಯೂ ಇದ್ದರೆ ತುದಿ ಕಿರಿದಾಗಿದೆ, ಅಂದರೆ ಚೋಕ್ ಇದೆ. ಜಿ ಇದ್ದರೆ ಒಳಗೆ ತಿರುಚು ಗೀರುಗಳಿರುವ ರೈಫಲ್ ನಳಿಗೆ. ಎನ್ ಇದ್ದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ. 1940ರಿಂದ ಅಕ್ಷರಗಳ ಮೇಲಿನ ಕಿರೀಟ ಹೋಗಿ ಹದ್ದು ಬಂತು. ಇಷ್ಟು ತಿಳಿದರೇ ಕಾಲದ ಅಂದಾಜು ಸಿಗುತ್ತದೆ.

ಇನ್ನೂ ಖಚಿತವಾಗಿ ಬೇಕಾ? ಅಲ್ಲೇ ಪಕ್ಕದಲ್ಲಿ ಸಣ್ಣ ಅಂಕಿಗಳನ್ನು ಹುಡುಕಿ. ಎರಡು ಮಹಾಯುದ್ಧಗಳ ನಡುವೆ ಸೂಲ್ ಊರಿನಲ್ಲಿ ಪರೀಕ್ಷೆಯಾದ ಕೋವಿಗಳಲ್ಲಿ ತಿಂಗಳು, ವರ್ಷ ಇರುವುದುಂಟು. ‘4 26’ ಎಂದರೆ 1926ರ ಏಪ್ರಿಲ್.

ಸೂಲ್ ಇರುವುದು ಥುರಿಂಗಿಯಾದಲ್ಲಿ. ಜರ್ಮನ್ ಕೋವಿಗಳ ತವರು ಎಂದರೆ ಅದೇ. ಸಾವರ್, ಮೆರ್ಕೆಲ್, ಸಿಮ್ಸನ್, ಹೇನೆಲ್, ಗ್ರೈಫೆಲ್ಟ್ ಎಲ್ಲ ಅಲ್ಲಿಯವರು. ಸಾವರ್ 1751ರಷ್ಟು ಹಳೆಯದು. ನಳಿಗೆ ನಡುವಿನ ಪಟ್ಟಿಯ ಮೇಲೆ ಇರುವುದು ಎಷ್ಟೋ ಸಲ ಮಾರಿದ ಅಂಗಡಿಯ ಹೆಸರು. ತಯಾರಕರ ಗುರುತು ಕೆಳಗಿರುತ್ತದೆ. ನಮ್ಮವರ ‘ಕ್ರುಪ್ ಕೋವಿ’ಯ ಕೆಳಗೆ ದೊಣ್ಣೆ ಹಿಡಿದ ಕಾಡುಮನುಷ್ಯನ ಪುಟ್ಟ ಚಿತ್ರ ಸಿಕ್ಕಿತು. ಅದು ಸಾವರ್ ಕಂಪನಿಯ ಮುದ್ರೆ. ಮಸಿ ಒರೆಸಿದಾಗ ಆ ಪುಟ್ಟ ಮನುಷ್ಯ ಎದ್ದು ಬಂದ ಕ್ಷಣ ನನಗೆ ಮರೆಯುವುದಿಲ್ಲ.

ಸಿಮ್ಸನ್ ಹೆಸರಿದ್ದರೆ ಸ್ವಲ್ಪ ನಿಂತು ನೋಡಿ. ಅದು ಯಹೂದಿ ಕುಟುಂಬದ ಕಂಪನಿ. 1930ರ ದಶಕದ ಮಧ್ಯದಲ್ಲಿ ನಾಜಿಗಳು ಅದನ್ನು ಕಿತ್ತುಕೊಂಡರು, ಕುಟುಂಬ ದೇಶ ಬಿಡಬೇಕಾಯಿತು. ಯುದ್ಧದ ನಂತರ ಪೂರ್ವ ಜರ್ಮನಿಯಲ್ಲಿ ಅದೇ ಹೆಸರು ಮತ್ತೆ ಕೋವಿಗಳ ಮೇಲೆ ಬಂತು. ಹೆಸರೊಂದನ್ನೇ ನೋಡಿ ಕಾಲ ಹೇಳಲು ಆಗುವುದಿಲ್ಲ, ಅಲ್ವಾ? ಮುದ್ರೆಯನ್ನೂ ಓದಬೇಕು.

ಮುಂದಿನದು ಜೀವದ ವಿಷಯ. ಆ ಕಾಲದ ಜರ್ಮನ್ ಕೋವಿಗಳಲ್ಲಿ, 16 ಬೋರ್‌ನಲ್ಲಂತೂ (ಬೋರ್ ಎಂದರೆ ನಳಿಗೆಯ ಒಳ ಅಗಲದ ಅಳತೆ), ತೋಟ ಕೂರುವ ಜಾಗದ ಉದ್ದ 65 ಮಿಲಿಮೀಟರ್ ಇರುವುದು ಜಾಸ್ತಿ. ಇವತ್ತಿನ ತೋಟ ಸಾಮಾನ್ಯವಾಗಿ 70 ಮಿಲಿಮೀಟರ್. ಮಡಚಿದ ತುದಿಯಿಂದಾಗಿ ಅದು ಆರಾಮಾಗಿ ಒಳಗೆ ಕೂರುತ್ತದೆ. ಹೊಡೆದಾಗ ತುದಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ‘ಹಿಡಿಸಿತಲ್ಲ’ ಎಂದು ಸುಮ್ನೆ ಹೊಡೆಯಬೇಡಿ, ಅಳೆಸಿ. ನಳಿಗೆಯ ಮೇಲೆ ಹಾವಿನ ಚರ್ಮದಂಥ ಸುಳಿಗಳಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ ಡಮಾಸ್ಕಸ್ ನಳಿಗೆ. ಹೊಸ ತೋಟ ಅದರ ಹತ್ತಿರವೂ ಬೇಡ.

ಬೆಲೆಗೆ ಸ್ಥಿತಿಯೇ ಮುಖ್ಯ. ಬಿಚ್ಚಿದ ನಳಿಗೆಗಳನ್ನು ಕೆಳಗಿನ ಕೊಂಡಿಯಿಂದ ದಾರದಲ್ಲಿ ತೂಗು ಹಾಕಿ ಪೆನ್ಸಿಲ್‌ನಿಂದ ತಟ್ಟಿ. ಗಂಟೆಯಂತೆ ಮೊಳಗಿದರೆ ಬೆಸುಗೆ ಗಟ್ಟಿ. ಗರಗರ ಎಂದರೆ ಎಲ್ಲೋ ಬಿಟ್ಟಿದೆ. ಒಳಗೆ ತುಕ್ಕಿನ ಗುಳಿ, ಹೊರಗೆ ನೆಗ್ಗು, ಹಿಡಿಯ ಮರದಲ್ಲಿ ಬಿರುಕು ನೋಡಿ. ಮುಚ್ಚಿದ ಮೇಲೆ ನಳಿಗೆ ಅಲ್ಲಾಡಿದರೆ ಬೆಲೆ ಇಳಿಯುತ್ತದೆ. ಸೈಡ್‌ಲಾಕ್ ಯಂತ್ರ (ಹೊಡೆಯುವ ಭಾಗಗಳು ಪಕ್ಕದ ತಗಡಿನ ಮೇಲೆ ಕೂತಿರುವುದು), ಖಾಲಿ ತೋಟ ತಾನೇ ಹೊರಗೆ ಎಸೆಯುವ ಎಜೆಕ್ಟರ್, ಕೈಕೆತ್ತನೆ ಇದ್ದರೆ ಏರುತ್ತದೆ. ಮತ್ತೆ, ದಯವಿಟ್ಟು ಪಾಲಿಶ್ ಮಾಡಿಸಬೇಡಿ. ಮುದ್ರೆಗಳು ಸವೆದು ಹೋದರೆ ಕೋವಿಯ ಜಾತಕವೇ ಹೋದಂತೆ.

ಜರ್ಮನಿಯಲ್ಲಿ ಸಾಧಾರಣ ಬಾಕ್ಸ್‌ಲಾಕ್ (ಯಂತ್ರ ನಡುವಿನ ಪೆಟ್ಟಿಗೆಯೊಳಗೇ ಇರುವ) ಕೋವಿ ಕೆಲವು ನೂರು ಯೂರೋಗೇ ಸಿಗುತ್ತದೆ. ಅಲ್ಲಿ ಅಂಥವು ಬೇಕಾದಷ್ಟಿವೆ. ನಮ್ಮಲ್ಲಿ 80ರ ದಶಕದಿಂದ ಜನಸಾಮಾನ್ಯರಿಗೆ ವಿದೇಶಿ ಕೋವಿ ತರಿಸಲು ದಾರಿ ಮುಚ್ಚಿದೆ. ಇರುವುದು ಇಷ್ಟೇ ಆದ್ದರಿಂದ ಇಲ್ಲಿನ ಬೆಲೆಯೇ ಬೇರೆ. ಅಲ್ಲಿನ ಹರಾಜಿನ ದರವನ್ನು ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಬೇಡಿ. ಲೈಸೆನ್ಸ್ ಇರುವ ಇಬ್ಬರು ಡೀಲರ್‌ಗಳಿಗೆ ತೋರಿಸಿ ಬರವಣಿಗೆಯಲ್ಲಿ ಬೆಲೆ ಕೇಳಿ.

ಮಾರುವುದಾದರೆ ಕೊಳ್ಳುವವರಿಗೂ ಕೋವಿ ಇಟ್ಟುಕೊಳ್ಳುವ ಹಕ್ಕು ಇರಬೇಕು. ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಮೊದಲೇ ಬರೆದು ತಿಳಿಸಿ, 45 ದಿನ ಕಾಯಬೇಕು. ಯಜಮಾನರು ತೀರಿಕೊಂಡಿದ್ದರೆ ಮೊದಲು ಕೋವಿಯನ್ನು ಠಾಣೆಯಲ್ಲೋ ಡೀಲರ್ ಬಳಿಯೋ ಇರಿಸಿ, ರಸೀದಿ ತೆಗೆದುಕೊಳ್ಳಿ. ಅದರಲ್ಲಿ ಕೋವಿಯ ನಂಬರ್ ಸರಿಯಾಗಿ ಬರೆದಿದ್ದಾರಾ ಎಂದು ಅಲ್ಲೇ ನಿಂತು ಓದಿ.