ಕೆಂಟಿಂಗ್ ಕಡಲ ರೆಸಾರ್ಟ್‌ನಲ್ಲಿ ಎರಡು ರಾತ್ರಿ: ಬುಕಿಂಗ್‌ನಿಂದ ಚೆಕ್‌ಔಟ್‌ವರೆಗೆ

ಚಿಪ್ ಕೆಲಸಕ್ಕೆ ಅಂತ ತೈವಾನಿನ ಶಿಂಚುವಿಗೆ ಹೋಗುವ ಬೆಂಗಳೂರಿನವರು ಈಗ ಬಹಳ. ಅವರ ಹಿಂದೆಯೇ ಹೆಂಡತಿ, ಮಕ್ಕಳು, ಊರಿಂದ ಬಂದ ಅಪ್ಪ ಅಮ್ಮ. ತೈಪೆಯ ಎತ್ತರದ ಕಟ್ಟಡ ನೋಡಿ ಮುಗಿದ ಮೇಲೆ ಮನೆಯಲ್ಲಿ ಮುಂದಿನ ಪ್ರಶ್ನೆ ಏಳುತ್ತದೆ: "ಸಮುದ್ರ ಎಲ್ಲಿದೆ?" ಉತ್ತರ ಕೆಂಟಿಂಗ್. ದ್ವೀಪದ ದಕ್ಷಿಣ ತುದಿ, ಪಿಂಗ್‌ಟುಂಗ್ ಕೌಂಟಿಯ ಹೆಂಗ್‌ಚುನ್ ಪರ್ಯಾಯದ್ವೀಪ. 1984ರಿಂದ ಇದು ರಾಷ್ಟ್ರೀಯ ಉದ್ಯಾನ. ನೂರಾರು ಕೋಣೆಗಳ ದೊಡ್ಡ ರೆಸಾರ್ಟ್‌ಗಳು ಇಲ್ಲೇ ಸಾಲಾಗಿವೆ.

ನಾವು ಎರಡು ಸಲ ಹೋದೆವು. ಮೊದಲ ಸಲ ಎಲ್ಲವನ್ನೂ ತಪ್ಪು ಮಾಡಿದೆವು. ಎರಡನೇ ಸಲ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದರಿಂದ ತಪ್ಪು ಮಾಡುವ ಧೈರ್ಯ ಇರಲಿಲ್ಲ. ಈ ಲೇಖನ ಆ ಎರಡನೇ ಸಲದ್ದು.

ಹೆಜ್ಜೆ 1: ಮೊದಲು ವಾರ, ಆಮೇಲೆ ಹೋಟೆಲ್

ನಾವೆಲ್ಲ ಮೊದಲು ಫೋಟೊ ನೋಡಿ ಹೋಟೆಲ್ ಆರಿಸುತ್ತೇವೆ. ಇಲ್ಲಿ ಅದು ಉಲ್ಟಾ ಆಗಬೇಕು. ಒಂದೇ ಕೋಣೆಗೆ ಮಾಮೂಲಿ ದಿನ ಒಂದು ದರ, ರಜೆ ದಿನ ಇನ್ನೊಂದು. ಶನಿವಾರದ ರಾತ್ರಿ ಜಾಸ್ತಿ. ಚೀನಿ ಹೊಸ ವರ್ಷ ಮತ್ತು ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ರಜೆಯಲ್ಲಂತೂ ಕೇಳಲೇಬೇಡಿ. ಚಿಂಗ್‌ಮಿಂಗ್ ಅಂದರೆ ಹಿರಿಯರ ಸಮಾಧಿ ಗುಡಿಸಿ ಪೂಜೆ ಮಾಡುವ ದಿನ, ಹೆಚ್ಚುಕಮ್ಮಿ ನಮ್ಮ ಪಿತೃಪಕ್ಷದ ಹಾಗೆ. ಪೂಜೆ ಮುಗಿಸಿದವರು ಉಳಿದ ರಜೆಗೆ ಕಡಲಿಗೆ ಹೊರಡುತ್ತಾರೆ. ಜುಲೈ, ಆಗಸ್ಟ್ ಶಾಲೆ ರಜೆ, ಆಗಲೂ ರಶ್. ಭಾನುವಾರ ಸಂಜೆ ಹೋಗಿ ಮಂಗಳವಾರ ಹೊರಟರೆ ಅದೇ ಸಮುದ್ರ, ಬಿಲ್ ಮಾತ್ರ ಕಡಿಮೆ.

ಇನ್ನು ಗಾಳಿ. ಸುಮಾರು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ 'ಲ್ವೋಶಾನ್‌ಫಂಗ್' ಬೀಸುತ್ತದೆ, ಅಂದರೆ ಬೆಟ್ಟ ಇಳಿದು ಬರುವ ಗಾಳಿ. ಈಶಾನ್ಯ ಮಾರುತವನ್ನು ದ್ವೀಪದ ಉದ್ದಕ್ಕೂ ದೊಡ್ಡ ಬೆಟ್ಟಸಾಲು ತಡೆದು ನಿಲ್ಲಿಸುತ್ತದೆ. ಹೆಂಗ್‌ಚುನ್ ಹತ್ತಿರ ಬೆಟ್ಟ ತಗ್ಗಾಗುತ್ತದೆ. ಕಟ್ಟೆ ಒಡೆದ ನೀರಿನಂತೆ ಗಾಳಿ ಅಲ್ಲಿಂದ ಕೆಳಗೆ ನುಗ್ಗುತ್ತದೆ. ನಾವು ಮೊದಲ ಸಲ ಹೋಗಿದ್ದು ಡಿಸೆಂಬರ್‌ನಲ್ಲಿ. ಬಿಸಿಲೇನೋ ಚೆನ್ನಾಗಿತ್ತು. ಆದರೆ ರಾತ್ರಿಯಿಡೀ ಬಾಲ್ಕನಿ ಬಾಗಿಲ ಸಂದಿನಲ್ಲಿ ಕುಕ್ಕರ್ ಸೀಟಿ ಹೊಡೆದಂತೆ ಸದ್ದು. ಬೆಳಿಗ್ಗೆ ನೋಡಿದರೆ ಒಣಗಲು ಹಾಕಿದ್ದ ಮಗನ ಚಡ್ಡಿ ಕೆಳಗಿನ ತೆಂಗಿನ ಮರದಲ್ಲಿ!

ಜುಲೈಯಿಂದ ಸೆಪ್ಟೆಂಬರ್ ಚಂಡಮಾರುತದ ಕಾಲ. ಹಾಗಾಗಿ ನನ್ನ ಮತ ಏಪ್ರಿಲ್ ಕೊನೆಯ ವಾರಕ್ಕೆ. ಚಿಂಗ್‌ಮಿಂಗ್ ಗಲಾಟೆ ಮುಗಿದಿರುತ್ತದೆ, ಗಾಳಿ ಇಳಿದಿರುತ್ತದೆ, ನೀರು ಬೆಚ್ಚಗಿರುತ್ತದೆ.

ಹೆಜ್ಜೆ 2: ವೀಸಾ

ಊರಿಂದ ಬರುವವರಿಗೆ ತೈಪೆ ಎಕನಾಮಿಕ್ ಅಂಡ್ ಕಲ್ಚರಲ್ ಸೆಂಟರ್ ವೀಸಾ ಕೊಡುತ್ತದೆ, ಅಂದರೆ ಭಾರತದಲ್ಲಿ ತೈವಾನಿನ ರಾಯಭಾರ ಕಚೇರಿಯ ಕೆಲಸ ಮಾಡುವ ಸಂಸ್ಥೆ. ದಿಲ್ಲಿ, ಚೆನ್ನೈ, ಮುಂಬೈಗಳಲ್ಲಿ ಕಚೇರಿ ಇದೆ. ಅಮೆರಿಕ, ಬ್ರಿಟನ್, ಜಪಾನ್, ಯುರೋಪಿನ ಷೆಂಗೆನ್‌ನಂಥ ವೀಸಾ ಇರುವ ಅಥವಾ ಮೊದಲು ಪಡೆದಿದ್ದ ಭಾರತೀಯರಿಗೆ ಆನ್‌ಲೈನ್ ಪ್ರವೇಶ ಪತ್ರದ ದಾರಿಯೂ ಇದೆ. ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ ಕೊಳ್ಳುವ ಮೊದಲು ಸರ್ಕಾರಿ ತಾಣದಲ್ಲಿ ಒಮ್ಮೆ ಓದಿಕೊಳ್ಳಿ.

ಹೆಜ್ಜೆ 3: ಕೋಣೆ ಮತ್ತು ಒಂದು ಇಮೇಲ್

ಅಪ್ಪ, ಅಮ್ಮ, ಮಗ, ಅಜ್ಜಿ ಅಂದರೆ ಎರಡು ಕೋಣೆ ಬೇಕಿಲ್ಲ. 'ನಾಲ್ವರ ಕೋಣೆ' ಅಂತಲೇ ಇಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಎರಡು ದೊಡ್ಡ ಮಂಚ ಇರುತ್ತವೆ. ಕೆಲವು ಕಡೆ ಜಪಾನಿ ಚಾಪೆಯ ಕೋಣೆಯೂ ಉಂಟು. ಮಂಡಿ ನೋವಿರುವ ಹಿರಿಯರಿಗೆ ಅದು ಬೇಡ.

ಸಮುದ್ರ ಕಾಣಬೇಕು ಅಂದರೆ ದುಡ್ಡು ಕೊಡುವ ಮೊದಲು ಎರಡು ವಿಷಯ ನೋಡಿ. ಪೂರ್ತಿ ಕಡಲಿನ ನೋಟವೋ, ಬಾಲ್ಕನಿಯಿಂದ ಕತ್ತು ಹೊರಳಿಸಿ ನೋಡುವ ನೋಟವೋ? ಮತ್ತೆ, ಹೋಟೆಲಿಗೂ ಮರಳಿಗೂ ನಡುವೆ ರಸ್ತೆ ಇದೆಯೋ? ಕೆಂಟಿಂಗ್‌ನ ಶಾಟೋ ಹೋಟೆಲ್ ಇರುವುದು ಮರಳಿನ ಅಂಚಿನಲ್ಲೇ. ಸೀಸರ್ ಪಾರ್ಕ್ ಹೋಟೆಲಿನಿಂದ ರಸ್ತೆ ದಾಟಿದರೆ ಶಿಯಾವ್‌ವಾನ್ ಎಂಬ ಪುಟ್ಟ ಕೊಲ್ಲಿ. ಚಿಕ್ಕ ಮಕ್ಕಳಿದ್ದರೆ ಈ ಒಂದು ರಸ್ತೆ ದಿನಕ್ಕೆ ಆರು ಸಲ ನೆನಪಾಗುತ್ತದೆ.

'ಒಂದು ರಾತ್ರಿ, ಎರಡು ಊಟ' ಅನ್ನುವ ಪ್ಯಾಕೇಜು ತುಂಬ ಕಣ್ಣಿಗೆ ಬೀಳುತ್ತದೆ. ರಾತ್ರಿಯೂಟ ಮತ್ತು ಬೆಳಗಿನ ತಿಂಡಿ ಸೇರಿಸಿದ್ದು. ಮೀನು, ಸೀಗಡಿ ತಿನ್ನುವವರಿಗೆ ಲಾಭ. ಸಸ್ಯಾಹಾರಿಗಳಿಗೆ ನಷ್ಟ. ನೀವು ದುಡ್ಡು ಕೊಟ್ಟಿದ್ದು ಏಡಿಗೆ, ತಿಂದಿದ್ದು ಅನಾನಸು ಅಂತಾಗುತ್ತದೆ. ಬರೀ ತಿಂಡಿ ಇರುವ ದರ ತೆಗೆದುಕೊಳ್ಳಿ.

ಬುಕ್ ಆದ ಮೇಲೆ ಹೋಟೆಲಿಗೆ ಒಂದು ಇಮೇಲ್ ಬರೆಯಿರಿ. ನನ್ನನ್ನು ಕೇಳಿದರೆ ಇಡೀ ಪ್ರವಾಸದ ಮುಖ್ಯ ಹೆಜ್ಜೆ ಇದೇ. ಈ ಹೋಟೆಲ್‌ಗಳಲ್ಲಿ ಎದುರಿಗೆ ಬಂದು ಏಕಾಏಕಿ ಕೇಳಿದರೆ ಅವರಿಗೆ ಗಾಬರಿ. ಎರಡು ದಿನ ಮೊದಲು ಬರೆದು ಕೇಳಿದರೆ ಆಗದ್ದೂ ಆಗುತ್ತದೆ. ಎಷ್ಟು ಗಂಟೆಗೆ ಬರುತ್ತೀರಿ, ಮಗುವಿನ ಎತ್ತರ ಎಷ್ಟು, ಯಾರು ಏನು ತಿನ್ನುವುದಿಲ್ಲ, ಇಷ್ಟು ಸಾಕು. ಎತ್ತರ ಯಾಕೆ ಅಂತೀರಾ? ಎಷ್ಟೋ ಕಡೆ ಮಕ್ಕಳ ತಿಂಡಿಗೆ ದರ ಹಾಕುವುದು ಸೆಂಟಿಮೀಟರ್ ಲೆಕ್ಕದಲ್ಲಿ. ನಮ್ಮ ಕೆಎಸ್ಸಾರ್ಟಿಸಿ ಕಂಡಕ್ಟರು ಹುಡುಗನನ್ನು ಎದ್ದು ನಿಲ್ಲಿಸಿ ನೋಡುತ್ತಾರಲ್ಲ, ಹಾಗೆಯೇ.

ಅನುವಾದದ ಆ್ಯಪ್‌ನಲ್ಲಿ ಸಾಂಪ್ರದಾಯಿಕ ಚೀನಿ ಲಿಪಿ ಆರಿಸಿ. ತೈವಾನಿನಲ್ಲಿ ಬರೆಯುವುದು ಅದನ್ನೇ.

ಹೆಜ್ಜೆ 4: ಸೂಟ್‌ಕೇಸಿಗೆ ಇವು ಹೋಗಲಿ

ಹಲ್ಲುಜ್ಜುವ ಬ್ರಷ್, ಬಾಚಣಿಗೆ, ಶೇವಿಂಗ್ ಸೆಟ್. 2025ರ ಜನವರಿ 1ರಿಂದ ತೈವಾನಿನ ಹೋಟೆಲ್‌ಗಳು ಇವನ್ನು ಕೋಣೆಯಲ್ಲಿ ತಾವಾಗಿ ಇಡುವ ಹಾಗಿಲ್ಲ. ಪುಟಾಣಿ ಶಾಂಪೂ ಬಾಟಲಿಯೂ ಇಲ್ಲ. ದೊಡ್ಡ ಬಾಟಲಿ ಗೋಡೆಯಲ್ಲೇ ಇರುತ್ತದೆ.

ಈಜು ಟೋಪಿ. ಇದರ ಮಾತು ಮುಂದಿದೆ.

ಚಪ್ಪಟೆ ಎರಡು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರ್. ಅಲ್ಲಿಯ ಕರೆಂಟು 110 ವೋಲ್ಟ್. ಫೋನ್, ಲ್ಯಾಪ್‌ಟಾಪ್ ಚಾರ್ಜರ್ ಸರಿಹೋಗುತ್ತದೆ. ಊರಿಂದ ತಂದ ಪುಟ್ಟ ರೈಸ್ ಕುಕ್ಕರ್ ಕೆಲಸ ಮಾಡುವುದಿಲ್ಲ. ಅತ್ತೆ ತಂದಿದ್ದರು. ಅಕ್ಕಿ ಒಂದು ಗಂಟೆ ಉಗುರುಬೆಚ್ಚಗೆ ಸ್ನಾನ ಮಾಡಿತು, ಅಷ್ಟೆ. ಕೋಣೆಯಲ್ಲಿ ಕೆಟಲ್ ಇರುತ್ತದೆ. ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣ ಇದ್ದರೆ ಬೇಕಾದಷ್ಟಾಯಿತು.

ಒಂದು ಪ್ಲಾಸ್ಟಿಕ್ ಚೊಂಬು. ಬಿಸಿನೀರು ಚಿಮ್ಮುವ ಜಪಾನಿ ಕಮೋಡ್ ಕೆಲವು ಕಡೆ ಇದೆ, ಎಲ್ಲ ಕಡೆ ಇಲ್ಲ. ನಾಚಿಕೆಪಡುವಂಥದ್ದೇನಿಲ್ಲ.

ಹೆಜ್ಜೆ 5: ತಲುಪುವುದು

ಹೈಸ್ಪೀಡ್ ರೈಲು ಕೆಂಟಿಂಗ್‌ವರೆಗೆ ಹೋಗುವುದಿಲ್ಲ. ಕಾವ್‌ಶುಂಗ್ ನಗರದ ಜ್ವೋಯಿಂಗ್ ನಿಲ್ದಾಣವೇ ಅದರ ಕೊನೆ. ತೈಪೆಯಿಂದ ಅಲ್ಲಿಗೆ ಒಂದೂವರೆಯಿಂದ ಎರಡು ಗಂಟೆ. ಬೇಗ ಟಿಕೆಟ್ ಕೊಂಡವರಿಗೆ ರಿಯಾಯಿತಿ ಇದೆ. ನಿಲ್ದಾಣದ ಹೊರಗೆ 9189 ಸಂಖ್ಯೆಯ ಕೆಂಟಿಂಗ್ ಎಕ್ಸ್‌ಪ್ರೆಸ್ ಬಸ್ಸು. ಅದರಲ್ಲಿ ಸುಮಾರು ಎರಡೂವರೆ ಗಂಟೆ. ಬಲಗಡೆ ಕಿಟಕಿ ಹಿಡಿಯಿರಿ, ಸಮುದ್ರ ಬರುವುದು ಆ ಕಡೆಗೇ. ನಾಲ್ಕು ಜನ, ನಾಲ್ಕು ಸೂಟ್‌ಕೇಸ್ ಇದ್ದರೆ ಟ್ಯಾಕ್ಸಿಯ ದರವನ್ನೂ ಕೇಳಿ ನೋಡಿ.

ಹೆಜ್ಜೆ 6: ಚೆಕ್‌ಇನ್

ಕೋಣೆ ಸಿಗುವುದು ಮಧ್ಯಾಹ್ನ 3 ಅಥವಾ 4ರ ಮೇಲೆ. ಬೇಗ ಬಂದರೆ ಲಗೇಜು ಲಾಬಿಯಲ್ಲಿ ಬಿಟ್ಟು ಓಡಾಡಿ. ಎಲ್ಲರ ಪಾಸ್‌ಪೋರ್ಟ್ ಕೈಯಲ್ಲಿರಲಿ.

ಕೀ ಸಿಕ್ಕಿದ ತಕ್ಷಣ ಲಿಫ್ಟ್‌ಗೆ ಓಡಬೇಡಿ. ಲಾಬಿಯಲ್ಲಿ ಚಟುವಟಿಕೆಗಳ ಮೇಜು ಇದೆಯೇ ನೋಡಿ. ಮಕ್ಕಳಿಗೆ ಬಣ್ಣ ಹಚ್ಚುವುದು, ರಾತ್ರಿ ಕಾಡು ನಡಿಗೆ, ಇಂಥವಕ್ಕೆ ಸೀಟು ಕಡಿಮೆ. ಸ್ಥಳೀಯ ಕುಟುಂಬಗಳು ಚೆಕ್‌ಇನ್ ಆಗುವಾಗಲೇ ಹೆಸರು ಬರೆಸಿಬಿಡುತ್ತವೆ. ರಾತ್ರಿ ನಡಿಗೆಯನ್ನು ಬಿಡಲೇಬೇಡಿ. ಪಕ್ಕದ ಶದಿಂಗ್ ಹಳ್ಳಿಯವರೂ ನಡೆಸುತ್ತಾರೆ. ಅಲ್ಲಿ ಚುಕ್ಕಿ ಜಿಂಕೆ ಕಾಣಬಹುದು. ಈ ಫಾರ್ಮೋಸಾ (ತೈವಾನಿನ ಹಳೆಯ ಹೆಸರು) ಜಿಂಕೆ 1969ರ ಹೊತ್ತಿಗೆ ಕಾಡಿನಲ್ಲಿ ಅಳಿದೇಹೋಗಿತ್ತು. ಮೃಗಾಲಯದ ಜಿಂಕೆಗಳಿಂದ ಸಂತತಿ ಬೆಳೆಸಿ, 1994ರಿಂದ ಇಲ್ಲಿ ಮತ್ತೆ ಬಿಟ್ಟರು. ಟಾರ್ಚಿನ ಬೆಳಕಿಗೆ ಹುಲ್ಲಿನ ನಡುವೆ ಜೋಡಿ ಕಣ್ಣು ಹೊಳೆದಾಗ ನನ್ನ ಮಗ ಮೊದಲ ಸಲ ಐದು ನಿಮಿಷ ಬಾಯಿ ಮುಚ್ಚಿದ್ದ.

ಟಿಪ್ಸ್ ಕೊಡುವ ರೂಢಿ ಇಲ್ಲ. ಬಿಲ್ಲಿನಲ್ಲೇ ಶೇ 10 ಸೇವಾ ಶುಲ್ಕ ಸೇರಿರುತ್ತದೆ. ನೀರಿಗೆ ಖಾಲಿ ಬಾಟಲಿ ಹಿಡಿದು ಯಂತ್ರ ಎಲ್ಲಿದೆ ಕೇಳಿ.

ಹೆಜ್ಜೆ 7: ಬೆಳಗಿನ ಬಫೆ (ನಿಧಾನವಾಗಿ ಓದಿ)

ಏಳು ಗಂಟೆಗೇ ಹೋಗಿ. ಎಂಟೂವರೆಗೆ ಊಟದ ಹಾಲ್ ಮದುವೆ ಛತ್ರವಾಗಿರುತ್ತದೆ.

ಅಕ್ಕಿ ಗಂಜಿ ಇರುತ್ತದೆ, ನಮ್ಮ ಗಂಜಿಯ ಹಾಗೆಯೇ. ಪಕ್ಕದ ಪುಟ್ಟ ಬಟ್ಟಲುಗಳಲ್ಲಿ ಹುರಿದ ಕಡಲೆಕಾಯಿ, ಉಪ್ಪಿನಲ್ಲಿ ಹಾಕಿದ ಕಳಲೆ, ತೋಫು. ಅಲ್ಲೇ ಕಂದು ಬಣ್ಣದ, ಹತ್ತಿಯಂತೆ ನವಿರಾದ ಪುಡಿಯೊಂದು ಇರುತ್ತದೆ. ನೋಡಿದರೆ ಹುರಿದ ಕೊಬ್ಬರಿ ತುರಿಯೇ ಸೈ. ಮೊದಲ ಸಲ ನಾನು ಎರಡು ಚಮಚ ಗಂಜಿಗೆ ಉದುರಿಸಿಕೊಂಡು ಬಾಯಿಗಿಟ್ಟೆ. ಸಿಹಿ, ಉಪ್ಪು, ಆಮೇಲೆ ಏನೋ ನಾರು ನಾರು. ಅದು 'ರೋಸುಂಗ್', ಹಂದಿ ಮಾಂಸವನ್ನು ಒಣಗಿಸಿ ಎಳೆ ಎಳೆ ಮಾಡಿದ್ದು. ಮುಂದೆ ಹೆಸರಿನ ಚೀಟಿ ಇರಲಿಲ್ಲ. ಇದನ್ನು ಬನ್ನಿನ ಮೇಲೂ ಅಂಟಿಸುತ್ತಾರೆ, ಬೇಕರಿಯಲ್ಲೂ ನೋಡಿಕೊಳ್ಳಿ.

ತಮಾಷೆ ಏನೆಂದರೆ ಸಸ್ಯಾಹಾರ ತೈವಾನಿನವರಿಗೆ ಹೊಸದೇ ಅಲ್ಲ. ಬೌದ್ಧರಲ್ಲಿ ಬಹಳ ಜನ ಪೂರ್ತಿ ಸಸ್ಯಾಹಾರಿಗಳು. ಇನ್ನು ಕೆಲವರು ಚಾಂದ್ರಮಾನದ ತಿಂಗಳ 1 ಮತ್ತು 15ನೇ ದಿನ ಮಾತ್ರ ಮಾಂಸ ಬಿಡುತ್ತಾರೆ. "ನಮ್ಮ ಏಕಾದಶಿ ಥರಾನಾ?" ಅಂದರು ಅತ್ತೆ. ಹೆಚ್ಚುಕಮ್ಮಿ ಹೌದು. ಸಸ್ಯಾಹಾರಿ ಹೋಟೆಲಿನ ಬೋರ್ಡಿನ ಮೇಲೆ ಎಷ್ಟೋ ಕಡೆ ಸ್ವಸ್ತಿಕ ಇರುತ್ತದೆ, ದಿಕ್ಕು ಮಾತ್ರ ನಮ್ಮದಕ್ಕಿಂತ ತಿರುಗಿದ್ದು.

ಹಾಗಾಗಿ 'ವೆಜಿಟೇರಿಯನ್' ಅಂದು ಸುಮ್ನೆ ನಿಲ್ಲಬೇಡಿ. 'ಸು' ಅಂದರೆ ಸಸ್ಯಾಹಾರ. ಅದರಲ್ಲಿ ಬಗೆಗಳಿವೆ. 'ಛ್ವೆನ್ ಸು' ಅಂದರೆ ಹಾಲು, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. 'ದಾನ್ ನಾಯ್ ಸು' ಅಂದರೆ ಮೊಟ್ಟೆ, ಹಾಲು ಆಗಬಹುದು. 'ನಾಯ್ ಸು' ಅಂದರೆ ಹಾಲು ಮಾತ್ರ. ಹೆದರಬೇಡಿ, ನಾಯ್ ಅಂದರೆ ಅಲ್ಲಿ ಹಾಲು. 'ವು ಶಿನ್ ಸು' ಅಂದರೆ ಈರುಳ್ಳಿ, ಬೆಳ್ಳುಳ್ಳಿ ನಡೆಯುತ್ತದೆ. ನಿಮಗೆ ಬೇಕಾದದ್ದನ್ನು ಚೀನಿ ಅಕ್ಷರದಲ್ಲಿ ಫೋನಿಗೆ ಹಾಕಿಟ್ಟುಕೊಂಡು ತೋರಿಸಿ. ಚಾತುರ್ಮಾಸ ಮಾಡುವ ನಮ್ಮತ್ತೆಗೆ 'ನಾಯ್ ಸು' ಹೇಳಿ ಮಾಡಿಸಿದಂತಿತ್ತು. ಇಮೇಲಿನಲ್ಲಿ ಬರೆದಿದ್ದರಿಂದ ಅಡುಗೆಯವರೊಬ್ಬರು ಎರಡನೇ ದಿನ ಅವರಿಗೆ ಬೇರೆಯಾಗಿ ಸೊಪ್ಪು, ಅಣಬೆ ಹುರಿದು ತಂದಿಟ್ಟರು. ಅಣಬೆ ಅವರು ತಿನ್ನುವುದಿಲ್ಲ. ಅದನ್ನು ಬರೆಯಲು ನಾನು ಮರೆತಿದ್ದೆ.

ಹಣ್ಣಿನ ಮೇಜಿನಲ್ಲಿ ಗಂಟೆಯಾಕಾರದ ಕೆಂಪು ಹಣ್ಣು ಕಂಡರೆ ಬಿಡಬೇಡಿ. ನಮ್ಮ ಕರಾವಳಿಯ ಜಂಬು ನೇರಳೆಯ ಬಳಗದ್ದು. ಪಿಂಗ್‌ಟುಂಗ್‌ನ ಕಡುಗೆಂಪು ತಳಿಗೆ 'ಕಪ್ಪು ಮುತ್ತು' ಅಂತ ಹೆಸರು. ಕಚ್ಚಿದರೆ ಕರಕರ, ಬಾಯಿ ತುಂಬ ನೀರು.

ಹೆಜ್ಜೆ 8: ಕೊಳ ಮತ್ತು ಕಡಲು

ಕೊಳಕ್ಕೆ ಇಳಿಯಲು ಟೋಪಿ ಕಡ್ಡಾಯ. ತಲೆ ಬೋಳಾಗಿದ್ದರೂ ಕಡ್ಡಾಯ, ನಮ್ಮ ಮನೆಯವರು ವಾದ ಮಾಡಿ ಸೋತಿದ್ದಾರೆ. ಚೂಡಿದಾರ, ಹತ್ತಿ ಟೀಶರ್ಟ್ ನಡೆಯುವುದಿಲ್ಲ. ಮೈ ತುಂಬ ಮುಚ್ಚುವ ಈಜುಡುಗೆ ಸಿಗುತ್ತದೆ, ಅದಾದರೆ ಆಯಿತು.

ಕಡಲಿನಲ್ಲಿ ಜೀವರಕ್ಷಕರು ಇರುವ ಜಾಗ, ಇರುವ ಹೊತ್ತು ಮಾತ್ರ. ಚಂಡಮಾರುತ ಬಂದರೆ ಹವಾಮಾನ ಇಲಾಖೆ ಮೊದಲು ಸಮುದ್ರಕ್ಕೆ, ಆಮೇಲೆ ನೆಲಕ್ಕೆ ಎಚ್ಚರಿಕೆ ಕೊಡುತ್ತದೆ. ತೀರ ಮುಚ್ಚಿದ ಮೇಲೆ ಅಲೆ ನೋಡಲು ಹೋದರೆ ದಂಡ ಬೀಳುತ್ತದೆ. ಬುಕಿಂಗ್ ರದ್ದಾದರೆ ದುಡ್ಡು ವಾಪಸ್ ಬರುವುದು ಹೇಗೆ ಅಂತ ಆ ಇಮೇಲಿನಲ್ಲೇ ಕೇಳಿಬಿಡಿ.

ಕಪ್ಪೆಚಿಪ್ಪು, ಹವಳದ ತುಂಡು ಜೇಬಿಗೆ ಹಾಕಿಕೊಳ್ಳಬೇಡಿ. ರಾಷ್ಟ್ರೀಯ ಉದ್ಯಾನದಲ್ಲಿ ಅದು ಅಪರಾಧ. ಬೇಸಿಗೆ, ಶರತ್ಕಾಲದ ಹುಣ್ಣಿಮೆ ಸುಮಾರಿಗೆ ಹೋದವರು ಬಾಳೆ ಕೊಲ್ಲಿಯ ಹತ್ತಿರ ರಸ್ತೆಯಲ್ಲಿ ವಾಹನ ನಿಲ್ಲಿಸಿದ್ದು ಕಂಡರೆ ಹಾರನ್ ಹೊಡೆಯಬೇಡಿ. ಹೊಟ್ಟೆ ತುಂಬ ಮೊಟ್ಟೆ ಹೊತ್ತ ನೆಲದ ಏಡಿಗಳು ಕಾಡಿನಿಂದ ಕಡಲಿಗೆ ಹೋಗುತ್ತಿರುತ್ತವೆ. ಅವು ದಾಟಲಿ ಅಂತಲೇ ನಿಲ್ಲಿಸಿರುತ್ತಾರೆ.

ಮಧ್ಯಾಹ್ನ ಬಿಡುವಿದ್ದರೆ ಎಲ್ವಾನ್‌ಬಿ ದೀಪಸ್ತಂಭ. 1867ರಲ್ಲಿ ರೋವರ್ ಎಂಬ ಅಮೆರಿಕದ ಹಡಗು ಇಲ್ಲಿ ಒಡೆಯಿತು. ದಡ ಸೇರಿದವರನ್ನು ಇಲ್ಲಿನ ಮೂಲನಿವಾಸಿಗಳು ಕೊಂದರು. ಅದಾದ ಮೇಲೆ ದೀಪಸ್ತಂಭಕ್ಕೆ ಒತ್ತಡ ಬಂದು 1883ರಲ್ಲಿ ಮುಗಿಯಿತು. ದಾಳಿಯ ಭಯಕ್ಕೆ ಗೋಡೆಯಲ್ಲಿ ಬಂದೂಕಿನ ಕಿಂಡಿಗಳನ್ನೂ ಬಿಟ್ಟಿದ್ದಾರೆ.

ಹೆಜ್ಜೆ 9: ಚೆಕ್‌ಔಟ್, ಮತ್ತು ಹೆಂಗ್‌ಚುನ್‌ನಲ್ಲಿ ಒಂದು ಗಂಟೆ

11 ಗಂಟೆಗೆ ಕೋಣೆ ಬಿಡಬೇಕು. ಬಸ್ಸು ಹಿಡಿದು ನೇರ ಜ್ವೋಯಿಂಗ್‌ಗೆ ಹೋಗಬೇಡಿ, ಹೆಂಗ್‌ಚುನ್ ಊರಲ್ಲಿ ಇಳಿಯಿರಿ. 1875ರಿಂದ 1879ರವರೆಗೆ ಕಟ್ಟಿದ ಕೋಟೆಯ ನಾಲ್ಕು ಬಾಗಿಲುಗಳೂ ಇವತ್ತಿಗೂ ನಿಂತಿವೆ. ಏಪ್ರಿಲ್ ಸುಮಾರಿಗೆ ಎಲ್ಲಿ ನೋಡಿದರೂ ಈರುಳ್ಳಿ ಮೂಟೆ. ಡಿಸೆಂಬರ್‌ನಲ್ಲಿ ನಮ್ಮ ನಿದ್ದೆ ಕೆಡಿಸಿದ ಅದೇ ಗಾಳಿ ಎಲೆಯನ್ನು ಬೆಳೆಯಲು ಬಿಡದೆ ಗೆಡ್ಡೆಯನ್ನು ಚೆನ್ನಾಗಿ ಕಟ್ಟಿಸುತ್ತದಂತೆ, ಇಲ್ಲಿನವರು ಹೇಳುವ ಮಾತು.

ಇಲ್ಲಿನ ಪ್ರಸಿದ್ಧ ತಿನಿಸಿಗೆ 'ಲ್ಯೂದೋ ಸ್ವಾನ್' ಅಂತ ಹೆಸರು. ಆ್ಯಪ್ ಅದನ್ನು 'ಹೆಸರುಕಾಳು ಬೆಳ್ಳುಳ್ಳಿ' ಅಂತ ಅನುವಾದಿಸಿತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ಅಂಗಡಿಯಾಕೆಗೆ ಫೋನ್ ತೋರಿಸಿದೆ. ಆಕೆ ನಕ್ಕು, ಸೌಟಿನಲ್ಲಿ ಒಂದಿಷ್ಟು ಎತ್ತಿ ತೋರಿಸಿದರು. ಬೆಳ್ಳುಳ್ಳಿ ಅದರಲ್ಲಿ ಇಲ್ಲವೇ ಇಲ್ಲ. ಸಿಪ್ಪೆ ತೆಗೆದ ಬೇಳೆ ಜಜ್ಜಿದ ಬೆಳ್ಳುಳ್ಳಿ ಹಾಗೆ ಕಾಣುತ್ತದೆ, ಅದಕ್ಕೆ ಆ ಹೆಸರು. ಬೆಂದ ಹೆಸರುಬೇಳೆ, ಸಕ್ಕರೆ ಪಾಕ, ಬೇಕಾದರೆ ಮೇಲೆ ಐಸ್.

ಅತ್ತೆ ಬಿಸಿಯದ್ದು ತೆಗೆದುಕೊಂಡು ಪೂರ್ತಿ ಮುಗಿಸಿದರು. ಬಟ್ಟಲು ಕೆಳಗಿಟ್ಟು ಹೇಳಿದರು: "ಪಾಯಸ ಚೆನ್ನಾಗಿದೆ ಕಣೆ. ಒಂದೆರಡು ಏಲಕ್ಕಿ ಕುಟ್ಟಿ ಹಾಕಬೇಕಿತ್ತು."